ವಿಮಾನದ ಕೆಳಗಿನ ಮನೆ

ಈ ಸಭೆಯ ಅಧ್ಯಕ್ಷರೂ ನಮಗೆಲ್ಲ ಕೆಲಸ ಕಲಿಸಿದ ಹಿರಿಯರೂ ಆದ ನಿವೃತ್ತ ಪೇಷ್ಕಾರ ಮರಿಲಿಂಗಪ್ಪನವರೇ, ಸುರಪುರದ ಈ ತಹಸೀಲ್ ಕಚೇರಿಯಿಂದ ಇಂದು ಬೀಳ್ಕೊಳ್ಳುತ್ತಿರುವ, ಮೂರು ಹಾರ ಹಾಕಿಸಿಕೊಂಡು ಕುತ್ತಿಗೆಯೇ ಕಾಣದಂತಾಗಿರುವ ಚಂದ್ರಾಮಪ್ಪನವರೇ, ಎಡಗಡೆ ಕುಳಿತ ತಾಯಂದಿರೇ, ಬಲಗಡೆ ಕುಳಿತ ದಫ್ತರಿನ ಬಂಧುಗಳೇ, ಚಹಾ ಬಂತೇನು ಎಂದು ಬಾಗಿಲ ಕಡೆ ನೋಡುತ್ತಿರುವ ಸಭಿಕರೇ,

ನನಗೆ ಕೊಟ್ಟಿರುವುದು ಹತ್ತು ನಿಮಿಷ. ಚಂದ್ರಾಮಪ್ಪನವರ ಗುಣಗಾನ ಮಾಡಲು ಹತ್ತು ನಿಮಿಷ ಸಾಲದು ಎಂದು ನನಗಿಂತ ಮುಂಚೆ ಮಾತಾಡಿದ ನಾಲ್ವರೂ ಹೇಳಿದರು. ನಾನು ಹಾಗೆ ಹೇಳುವುದಿಲ್ಲ. ನನಗೆ ಸಾಕಾಗುತ್ತದೆ.

ಹೋದ ನವೆಂಬರಿನಲ್ಲಿ ನಾವು ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದೆವು. ಆರು ತಿಂಗಳೂ ಆಗಿಲ್ಲ, ಬೆಂಗಳೂರಿನಿಂದ ಒಂದು ಕಾಗದ ಬಂತು. ನಮ್ಮ ಕಡೆಯ ಹಳೆಯ ಉರ್ದು ಮಿಸಲು ಕಡತಗಳನ್ನು ಓದಿ ಕನ್ನಡಕ್ಕೆ ತರಬಲ್ಲ ಒಬ್ಬ ಗುಮಾಸ್ತ ಅಲ್ಲಿನ ದೊಡ್ಡ ಕಚೇರಿಗೆ ಬೇಕಾಗಿದೆ ಎಂದು. ಈ ಊರಿನಿಂದ ಅರ್ಜಿ ಹಾಕಿದವರು ಇಬ್ಬರು. ಒಬ್ಬರು ಹಾರ ಹಾಕಿಕೊಂಡು ಕುಳಿತಿದ್ದಾರೆ. ಇನ್ನೊಬ್ಬ ನಿಂತು ಭಾಷಣ ಮಾಡುತ್ತಿದ್ದಾನೆ. ಇದನ್ನು ಹೊಟ್ಟೆಕಿಚ್ಚು ಎಂದು ಯಾರೂ ತಿಳಿಯಬಾರದು. ನಾನು ನಡೆದ ಸಂಗತಿ ಹೇಳಿದೆ, ಅಷ್ಟೇ.

ಕೆಲಸದ ಕಾಗದದ ಹಿಂದೆಯೇ ಮನೆಯ ಕಾಗದ ಬಂತು. ಎರಡು ಮನೆ ಖಾಲಿ ಇವೆ, ಯಾವುದು ಬೇಕೋ ಅದಕ್ಕೆ ಗುರುತು ಹಾಕಿ ಕಳಿಸಿ ಎಂದು. ಒಂದು ಮನೆ ಕಚೇರಿಯ ಹತ್ತಿರ, ಗಿಡಗಳ ನೆರಳು, ಸದ್ದಿಲ್ಲದ ಓಣಿ. ಇನ್ನೊಂದು ವಿಮಾನದ ಮೈದಾನದ ಮಗ್ಗುಲಲ್ಲಿ. ಚಂದ್ರಾಮಪ್ಪನವರು ಯಾವುದಕ್ಕೆ ಗುರುತು ಹಾಕಿದರು? ಎರಡನೆಯದಕ್ಕೆ. ಇಡೀ ದಫ್ತರು ನಕ್ಕಿತು. ಬಡ್ತಿ ತಲೆಗೇರಿದೆ ಎಂದರು ಕೆಲವರು. ಯಂಕಣ್ಣನವರೇ, ನಿಮ್ಮಿಬ್ಬರದು ಹಳೆಯ ಸ್ನೇಹ, ಇದರ ಗುಟ್ಟು ನೀವೇ ಹೇಳಬೇಕು ಎಂದು ನೌಕರರ ಸಂಘದ ಕಾರ್ಯದರ್ಶಿಗಳು ನನ್ನ ಬೆನ್ನು ಹತ್ತಿದರು. ಆ ಗುಟ್ಟು ಗೊತ್ತಿರುವವರು ಈ ಸಭೆಯಲ್ಲಿ ನಾಲ್ಕೇ ಜನ: ಚಂದ್ರಾಮಪ್ಪ, ಅವರ ಮನೆಯವರಾದ ದೇವಕಮ್ಮ, ನಾನು, ನನ್ನ ಹೆಂಡತಿ ಸುಂದ್ರಮ್ಮ. ನಾಲ್ವರಲ್ಲಿ ಭಾಷಣದ ಚಟ ಇರುವುದು ನನಗೊಬ್ಬನಿಗೇ.

ನಲವತ್ತೊಂಬತ್ತನೆಯ ಇಸವಿ. ಹಿಂದಿನ ವರ್ಷವಷ್ಟೇ ನಿಜಾಮರ ಆಳಿಕೆ ಮುಗಿದಿತ್ತು. ಹೈದರಾಬಾದಿನ ಒಂದು ದಫ್ತರಿಗೆ ಕನ್ನಡ ಬಲ್ಲ ಗುಮಾಸ್ತರು ಬೇಕೆಂದು ನಮ್ಮಿಬ್ಬರನ್ನೂ ಕರೆದರು. ಇಬ್ಬರಿಗೂ ಮದುವೆಯಾಗಿ ಇನ್ನೂ ಎರಡು ವರ್ಷವಾಗಿರಲಿಲ್ಲ. ಮನೆ ಹುಡುಕಬೇಕಿತ್ತು. ಬಾಷುಮಿಯಾ ಎಂಬ ದಲಾಲನ ಕೈಯಲ್ಲಿ ಎರಡೇ ಮನೆ. ಒಂದು ಶಾಲಿಬಂಡೆಯ ಕಡೆ ಸಂದಿಯೊಳಗಿನ ಸಂದಿಯಲ್ಲಿ. ಇನ್ನೊಂದು ಬೇಗಂಪೇಟೆಯಲ್ಲಿ, ಎರಡು ಕೋಣೆ, ಮುಂದೆ ಅಂಗಳ, ಬಾವಿ, ಸೀಬೆಗಿಡ. ಚಂದ್ರಾಮಪ್ಪನಿಗೆ ಅಂದು ಜ್ವರ. ನಾನೊಬ್ಬನೇ ಹೋಗಿ ಎರಡೂ ಮನೆ ನೋಡಿದೆ. ಬೇಗಂಪೇಟೆಯ ಮನೆಯ ಅಂಗಳದಲ್ಲಿ ನಿಂತು, ಇದು ನನಗಿರಲಿ ಎಂದು ಮನಸ್ಸಿನಲ್ಲೇ ಎಂದುಕೊಂಡೆ. ಅಷ್ಟರಲ್ಲಿ ಮಗ್ಗುಲಿನ ಮೈದಾನಕ್ಕೆ ಇಳಿಯಲು ಸೀಬೆಗಿಡದ ಮೇಲಿಂದ ವಿಮಾನ ಬಂತು. ಬಾಯಿ ತೆರೆದಿದ್ದ ಬಾಷುಮಿಯಾನ ಹಲ್ಲು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ.

ಇಲ್ಲಿ ಒಂದು ಮಾತು ನಿಲ್ಲಿಸಿ ಹೇಳಬೇಕು. ನಲವತ್ತೆಂಟರ ಸೆಪ್ಟೆಂಬರಿನಲ್ಲಿ ನಮ್ಮ ಊರುಗಳ ಮೇಲೆ ವಿಮಾನ ಹಾರಿದ್ದು ಇಲ್ಲಿರುವ ಅನೇಕರಿಗೆ ನೆನಪಿರಬೇಕು. ಬಂದವರು ಭಾರತದ ಸೈನ್ಯದವರು, ನಮ್ಮನ್ನು ಬಿಡಿಸಲು ಬಂದವರೇ. ಆದರೆ ಮೇಲೆ ಹೋಗುವ ವಿಮಾನ ಯಾರದೆಂದು ಕೆಳಗಿದ್ದವರಿಗೆ ಹೇಗೆ ಗೊತ್ತಾಗಬೇಕು? ಆ ದಿನ ಸುಂದ್ರಮ್ಮ ಜೋಳ ತುಂಬುವ ನೆಲದಡಿಯ ಖಾಲಿ ಹಗೇವಿನೊಳಗೆ ಇಳಿದು ಕುಳಿತಳು. ಸಂಜೆಯವರೆಗೂ ಮೇಲೆ ಬರಲಿಲ್ಲ. ನಾನೇ ಇಳಿದು, ಕೈ ಹಿಡಿದು ಮೇಲೆ ತಂದೆ. ಆಮೇಲೆ ಹತ್ತಿ ಗಿರಣಿಯ ಎಂಜಿನ್ನು ಶುರುವಾದರೂ ಅವಳು ಕೈಲಿದ್ದದ್ದು ಬಿಟ್ಟು ಒಳಗೆ ಓಡುತ್ತಿದ್ದಳು. ಅಂಥವಳನ್ನು ಆ ಮನೆಗೆ ಕರೆತರುವುದು ಹೇಗೆ?

ಹಾಗಾದರೆ ನಾನು ಮಾಡಬೇಕಾಗಿದ್ದದ್ದೇನು? ಗೆಳೆಯನಿಗೆ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಅಲ್ಲಿ ವಿಮಾನ ಇಳಿಯುವುದಿಲ್ಲ ಎಂದು ಬಾಷುಮಿಯಾನಿಂದಲೇ ತಿಳಿದುಕೊಂಡೆ. ಎರಡು ದಿನ ಬಿಟ್ಟು ಸರಿಯಾಗಿ ಒಂದೂವರೆಗೆ ಚಂದ್ರಾಮಪ್ಪನನ್ನು ಕರೆದುಕೊಂಡು ಹೋದೆ. ಗಿಡದಲ್ಲಿ ಗಿಳಿ ಕೂಗುತ್ತಿತ್ತು. ಬಾಷುಮಿಯಾ ನನ್ನ ಮುಖ ನೋಡಿದ. ನಾನು ಕಣ್ಣು ಮಿಟುಕಿಸಿದೆ.

"ಗಾಳಿ ನೋಡ್ರಿ ಸಾಬ್, ಬೆಳಕು ನೋಡ್ರಿ. ಇದು ಮನಿ ಅಲ್ಲ, ಮಹಲ್ ಅದ" ಎಂದ ಬಾಷುಮಿಯಾ. ಸುಳ್ಳು ಹೇಳಲಿಲ್ಲ, ನೋಡಿ. ನೋಡಲು ಮಾತ್ರ ಹೇಳಿದ, ಕೇಳಲು ಹೇಳಲಿಲ್ಲ.

"ಇಷ್ಟು ಛಲೋ ಮನಿ ನನಗ ಬಿಟ್ಟುಕೊಡಾಕತ್ತಿಯಲ್ಲೋ ಯಂಕಣ್ಣ, ನಿನ್ನ ಮನಸು ದೊಡ್ಡದು" ಎಂದು ಚಂದ್ರಾಮಪ್ಪ ನನ್ನ ಹೆಗಲ ಮೇಲೆ ಕೈ ಇಟ್ಟ. ನನ್ನ ಮನಸ್ಸು ದೊಡ್ಡದು ಎಂದು ಇದುವರೆಗೆ ಹೇಳಿದವನು ಅವನೊಬ್ಬನೇ.

ಆದ್ದರಿಂದ ದಫ್ತರಿನ ತರುಣರಿಗೆ ನನ್ನ ಉಪದೇಶ ಇಷ್ಟೇ. ಬೇರೆ ಊರಿನಲ್ಲಿ ಮನೆ ಹಿಡಿಯುವಾಗ ಒಂದೇ ಹೊತ್ತಿನಲ್ಲಿ ನೋಡಿ ಹೂಂ ಎನ್ನಬೇಡಿ. ಬೆಳಿಗ್ಗೆ ಹೋಗಿ, ಸಂಜೆ ಹೋಗಿ, ಅಂಗಳದಲ್ಲಿ ಒಂದು ತಾಸು ಸುಮ್ಮನೆ ಕುಳಿತು ಬನ್ನಿ. ಮುಖ್ಯವಾಗಿ ಗೆಳೆಯರ ಜೊತೆಗೆ ಹೋಗಬೇಡಿ.

ಹಾಲು ಉಕ್ಕಿಸಿದ ದಿನವೇ ಅವರಿಗೆ ಗೊತ್ತಾಯಿತು. ಒಲೆಯ ಮೇಲೆ ಹಾಲು, ಮಾಳಿಗೆಯ ಮೇಲೆ ವಿಮಾನ, ಹಲಗೆಯ ಮೇಲಿದ್ದ ತಾಟುಗಳೆಲ್ಲ ಗಡಗಡ. ಮರುದಿನ ದಫ್ತರಿನಲ್ಲಿ ಚಂದ್ರಾಮಪ್ಪ ನನಗೆ ಹೇಳಿದ:

"ಯಂಕಣ್ಣ, ನಮ್ಮ ಮನಿ ಮ್ಯಾಲ ವಿಮಾನ ಹೋಗ್ತಾವೋ."

"ಹೌದೇನು?" ಎಂದೆ ನಾನು. ಸಭಿಕರೇ, ನನ್ನ ಆಯುಷ್ಯದಲ್ಲಿ ಇಷ್ಟು ಚಿಕ್ಕ, ಇಷ್ಟು ಕೆಟ್ಟ ಮಾತು ಇನ್ನೊಂದು ಆಡಿಲ್ಲ ಎಂದು ಆಗ ತಿಳಿದಿದ್ದೆ.

ಅವರು ಮನೆ ಬಿಟ್ಟು ಓಡಲಿಲ್ಲ. ದೇವಕಮ್ಮನವರು ತಾಟು ತಾಟಿನ ನಡುವೆ ಹಳೆಯ ಸೀರೆಯ ತುಂಡು ಇಟ್ಟರು. ಮೈದಾನದ ಕಡೆಯ ಕಿಟಕಿಗೆ ಗೋಣಿಚೀಲದ ಪರದೆ ಕಟ್ಟಿದರು. ಮಲಗುವುದನ್ನು ಹಿಂದಿನ ಕೋಣೆಗೆ ಬದಲಿಸಿದರು. ಯಾವ ವಿಮಾನ ಎಷ್ಟು ಗಂಟೆಗೆ ಎಂದು ಅಡಿಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದುಕೊಂಡರು. ಎಲ್ಲಕ್ಕಿಂತ ದೊಡ್ಡದಾಗಿ ಒಂದು ಪದ್ಧತಿ ಮಾಡಿಕೊಂಡರು. ವಿಮಾನದ ಸದ್ದು ಮೊದಲು ಯಾರ ಕಿವಿಗೆ ಬೀಳುತ್ತದೋ ಅವರು ಅಂಗೈ ಎತ್ತಿ "ಹೋಗ್ಲಿ" ಎನ್ನಬೇಕು. ವಿಮಾನ ಹೋಗಲಿ, ಆಮೇಲೆ ಮಾತಾಡೋಣ ಎಂದರ್ಥ. ಕೈ ಎದ್ದ ಕೂಡಲೇ ಬಾಯಿ ಮುಚ್ಚಬೇಕು. ಅರ್ಧ ಮಾತಾಗಿರಲಿ, ಅರ್ಧ ಜಗಳವಾಗಿರಲಿ.

ಈಗ ಯೋಚಿಸಿ. ಗಂಡ ಹೆಂಡಿರಿಗೆ ಜಗಳ ಹತ್ತಿದೆ. ಸಾರಿಗೆ ಉಪ್ಪಿಲ್ಲ ಎಂದು ಶುರುವಾದದ್ದು ತವರುಮನೆಯ ತನಕ ಬಂದಿದೆ. ಇನ್ನೊಂದು ಮಾತು ಹೊರಬಿದ್ದರೆ ಕೆಟ್ಟಿತು. ಅಷ್ಟರಲ್ಲಿ ವಿಮಾನ. ಅಂಗೈ. "ಹೋಗ್ಲಿ." ಇಬ್ಬರೂ ಎದುರಾಬದುರು ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಎಷ್ಟು ಹೊತ್ತೆಂದು ಸಿಟ್ಟಿನ ಮುಖ ಮಾಡಿಕೊಂಡು ನಿಲ್ಲಲು ಬರುತ್ತದೆ? ಒಬ್ಬರಿಗೆ ನಗು ಬರುತ್ತದೆ. ವಿಮಾನ ಹೋದ ಮೇಲೆ ಚಂದ್ರಾಮಪ್ಪ ಕೇಳುತ್ತಾನೆ, "ಏನೋ ಅನ್ನಾಕತ್ತಿದ್ದಿ?" ದೇವಕಮ್ಮ ಅನ್ನುತ್ತಾರೆ, "ಹೋಗ್ಲಿ ಬಿಡ್ರಿ." ಅದೇ ಪದ. ಮೊದಲ ಸಲ ವಿಮಾನಕ್ಕೆ, ಎರಡನೆಯ ಸಲ ಜಗಳಕ್ಕೆ. ಇದೇ ಬೆಂಗಳೂರಿನ ಎರಡನೆಯ ಮನೆಯ ಗುಟ್ಟು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಒಂದು ಸಲವಲ್ಲ, ಹತ್ತು ಸಲ. ಕಂಡಾಗಲೆಲ್ಲ ತಾಟಿನಲ್ಲಿ ಅರ್ಧ ಬಿಟ್ಟು ಏಳುತ್ತಿದ್ದೆ. ಅವರ ಮನೆಯ ಎಣ್ಣೆ ಸರಿಯಿಲ್ಲ ಎಂದುಕೊಳ್ಳುತ್ತಿದ್ದೆ.

ದಫ್ತರಿನಲ್ಲೂ ಆ ಚಟ ಬಂತು. ಸಾಹೇಬರು ಏನಾದರೂ ಕೇಳಿದರೆ ಚಂದ್ರಾಮಪ್ಪ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದ, ಆಮೇಲೆ ಉತ್ತರ. ಎಂಥ ವಿಚಾರವಂತ ಮನುಷ್ಯ ಎಂದು ಸಾಹೇಬರು ತಲೆದೂಗಿದರು. ಬೆಂಗಳೂರಿನವರೂ ಸಂದರ್ಶನದಲ್ಲಿ ಅದನ್ನೇ ಮೆಚ್ಚಿದರಂತೆ. ಮಿಸಲಿನ ಉರ್ದು ನನಗೆ ಅವನಿಗಿಂತ ಚೆನ್ನಾಗಿ ಬರುತ್ತದೆ, ಇದು ಅಧ್ಯಕ್ಷರಿಗೂ ಗೊತ್ತು. ಆದರೆ ನಾನು ತಟ್ಟನೆ ಉತ್ತರ ಕೊಡುವವನು. ಅದಕ್ಕೇ ಇಲ್ಲಿ ಉಳಿದಿದ್ದೇನೆ.

ನನ್ನ ಮನೆ? ನನ್ನ ಮನೆ ಬಹಳ ಶಾಂತವಾಗಿತ್ತು. ಗೋಡೆಯಾಚೆ ಮದೀನಾಬೀ ಎಂಬ ಮುದುಕಿ ಅಕ್ಕಿ ಕೇರುವುದೂ ಕೇಳುತ್ತಿತ್ತು. ಸುಂದ್ರಮ್ಮ ಅಡಿಗೆಮನೆಯಲ್ಲಿ ತನ್ನಷ್ಟಕ್ಕೆ ಗೊಣಗಿದ್ದು ನನಗೆ ಕೇಳುತ್ತಿತ್ತು, ನಾನು ಪಡಸಾಲೆಯಲ್ಲಿ ಗೊಣಗಿದ್ದು ಅವಳಿಗೆ. ಅಲ್ಲಿ ಯಾವ ಮಾತೂ ಅರ್ಧಕ್ಕೆ ನಿಲ್ಲುತ್ತಿರಲಿಲ್ಲ.

ಸುಂದ್ರಮ್ಮ ಒಮ್ಮೆ ಹಬ್ಬಕ್ಕೆ ದೇವಕಮ್ಮನ ಮನೆಗೆ ಹೋದಳು. ಮೊದಲ ದಿನ ವಿಮಾನ ಬಂದಾಗ ದೇವಕಮ್ಮ ಅವಳ ಎರಡೂ ಕೈ ಹಿಡಿದು "ಹೋಗ್ಲಿ, ಹೋಗ್ಲಿ" ಎಂದರಂತೆ. ಆಮೇಲೆ ವಾರಕ್ಕೊಮ್ಮೆ ಹೋಗತೊಡಗಿದಳು. ಒಂದು ದಿನ ನಾನು ಕರೆತರಲು ಹೋದರೆ ಅಂಗಳದಲ್ಲಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, ವಿಮಾನ ನೋಡಿ ನಗುತ್ತಿದ್ದಳು. ಹಗೇವಿನಿಂದ ನಾನು ಕೈ ಹಿಡಿದು ಮೇಲೆ ತಂದವಳು. ಅವಳ ಅಂಜಿಕೆ ಬಿಡಿಸಿದ್ದು ಯಾರು? ನಾನಲ್ಲ, ನಾನು ಹಿಡಿದ ಮನೆಯಲ್ಲ. ನಾನು ಮೋಸದಿಂದ ಇನ್ನೊಬ್ಬರ ತಲೆಗೆ ಕಟ್ಟಿದ ಮನೆ.

ಆ ಸಂಜೆ ಮನೆಗೆ ಬಂದು ಕೇಳಿದೆ, "ನೀ ಅಲ್ಲಿಗೆ ವಿಮಾನ ನೋಡಾಕ ಹೋಗ್ತಿಯೋ, ಮಂದಿ ಸಂಸಾರ ನೋಡಾಕ ಹೋಗ್ತಿಯೋ?"

ಅವಳು ಸಮಾಧಾನದಿಂದಲೇ ಹೇಳಿದಳು, "ಸಂಸಾರ ನೋಡಾಕ ಹೋಗ್ತೀನ್ರಿ. ನಮ್ಮ ಮನ್ಯಾಗ ನೋಡಾಕ ಸಿಗಂಗಿಲ್ಲ."

ನಾನು ತಟ್ಟನೆ ಉತ್ತರ ಕೊಡುವವನು ಎಂದು ಹೇಳಿದೆನಲ್ಲ. "ಹಂಗಾದ್ರ ಅಲ್ಲೇ ಹೋಗಿ ಇರು" ಎಂದೆ. "ನೀ ಹೋದ್ರ ಈ ಮನ್ಯಾಗ ಕೊರತಿ ಏನೂ ಆಗಂಗಿಲ್ಲ."

ಬೇಗಂಪೇಟೆಯಲ್ಲಾಗಿದ್ದರೆ ಸಂಜೆಯ ವಿಮಾನದ ಹೊತ್ತು ಅದು. ಆ ಎರಡನೆಯ ಮಾತು ಯಾರಿಗೂ ಕೇಳುತ್ತಿರಲಿಲ್ಲ. ನಮ್ಮ ಶಾಂತ ಓಣಿಯಲ್ಲಿ ಗೋಡೆಯಾಚೆಯ ಮದೀನಾಬೀಗೂ ಕೇಳಿತು. ಅಕ್ಕಿ ಕೇರುವ ಸದ್ದು ನಿಂತಿತು.

ಇದಾಗಿ ಐದು ವರ್ಷ. ನಡುವೆ ನಾವೆಲ್ಲ ಈ ಊರಿಗೆ ವರ್ಗವಾಗಿ ಬಂದೆವು. ಅವಳು ಮಾತು ಬಿಟ್ಟಿದ್ದಾಳೆ ಎಂದು ತಪ್ಪು ತಿಳಿಯಬೇಡಿ. "ಊಟಕ್ಕ ಬರ್ರಿ" ಎನ್ನುತ್ತಾಳೆ. "ನೀರು ಕಾದಾವ" ಎನ್ನುತ್ತಾಳೆ. ಕೆಲಸಕ್ಕೆ ಬೇಡದ ಒಂದೇ ಒಂದು ಮಾತು ಅವಳ ಬಾಯಿಂದ ಕೇಳಿ ಐದು ವರ್ಷವಾಯಿತು. ಇದೆಲ್ಲ ನಾನು ಬರೆದುಕೊಂಡು ಬಂದ ಭಾಷಣದಲ್ಲಿ ಇಲ್ಲ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಇನ್ನೆರಡು ಮಾತು.

ನಾನು ಬೆಂಗಳೂರಿಗೆ ಅರ್ಜಿ ಹಾಕಿದ್ದು ಬಡ್ತಿಗಾಗಿ ಎಂದು ನೀವೆಲ್ಲ ತಿಳಿದಿದ್ದೀರಿ. ಅಲ್ಲ. ಅಲ್ಲಿ ವಿಮಾನದ ಮೈದಾನದ ಹತ್ತಿರ ಸರಕಾರಿ ಮನೆಗಳಿವೆ ಎಂದು ಕೇಳಿದ್ದೆ. ಕೆಲಸ ನನಗೆ ಸಿಕ್ಕಿದ್ದರೆ ನಾನೂ ಆ ಎರಡನೆಯ ಮನೆಗೇ ಗುರುತು ಹಾಕುತ್ತಿದ್ದೆ. ಅದು ಸಹ ಇವನ ಪಾಲಾಯಿತು. ಸುರಪುರದ ಮೇಲೆ ಯಾವ ವಿಮಾನ ಹಾರುತ್ತದೆ? ನಾನು ಹೊಟ್ಟೆಕಿಚ್ಚಲ್ಲ ಎಂದು ಶುರುವಿನಲ್ಲಿ ಹೇಳಿದ್ದನ್ನು ದಯವಿಟ್ಟು ಹೊಡೆದುಹಾಕಿ. ಹೊಟ್ಟೆಕಿಚ್ಚೇ. ಎಂಟು ವರ್ಷದ್ದು.

ಚಂದ್ರಾಮಪ್ಪ, ಆ ಮಧ್ಯಾಹ್ನ ಒಂದೂವರೆಗೆ ನಿನ್ನನ್ನು ಬೇಕೆಂದೇ ಕರೆದುಕೊಂಡು ಹೋಗಿದ್ದೆ. ನಗಾಕತ್ತಿಯಲ್ಲ, ಅಂದರ ನಿನಗ ಗೊತ್ತಿತ್ತು. ಬಾಷುಮಿಯಾ ಹೇಳಿರಬೇಕು. ಗೊತ್ತಿದ್ದೂ ಎಂಟು ವರ್ಷ ಒಂದು ಮಾತು ಆಡಲಿಲ್ಲ ನೀನು. ಇದಕ್ಕೂ ನನಗೆ ಹೊಟ್ಟೆಕಿಚ್ಚು ಬರುತ್ತಿದೆ.

ಆ ಮಧ್ಯಾಹ್ನದ ಸಂಗತಿ ಇಂದಿನವರೆಗೆ ಗೊತ್ತಿಲ್ಲದವಳು ಒಬ್ಬಳಿದ್ದಾಳೆ, ಸುಂದ್ರಮ್ಮ. ಸೀಬೆಗಿಡದ ಮನೆ ಬಿಟ್ಟು ಸಂದಿಯ ಮನೆ ಯಾಕೆ ಹಿಡಿದಿರಿ ಎಂದು ಅವಳು ಅಂದು ಕೇಳಿದ್ದಳು. ಬಾಡಿಗೆ ಹೆಚ್ಚು ಎಂದು ಸುಳ್ಳು ಹೇಳಿದೆ. ಅವಳ ಅಂಜಿಕೆ ನೋಡಿ ಈ ಮನೆ ಹಿಡಿದೆ ಎಂದು ಹೇಳಲು ನಾಚಿಕೆಯಾಯಿತು. ಆಮೇಲೆ ಆಡಿದ ಆ ಎರಡನೆಯ ಮಾತು ಸುಳ್ಳು ಎಂದು ಹೇಳಲೂ ನಾಚಿಕೆಯಾಯಿತು. ಅವಳು ಹೋದರೆ ಆ ಮನೆಯಲ್ಲಿ ಕೊರತೆಯಾಗದೆ ಉಳಿಯುವುದು ಏನಿತ್ತು? ಐದು ವರ್ಷದಲ್ಲಿ ಒಂದು ದಿನವಾದರೂ ನಾನು

ಕ್ಷಮಿಸಬೇಕು. ತಾಯಂದಿರ ಮೂರನೆಯ ಸಾಲಿನಲ್ಲಿ, ಕಂಬದ ಪಕ್ಕ, ಒಂದು ಕೈ ಎದ್ದಿದೆ. ಅಂಗೈ ನನ್ನ ಕಡೆಗಿದೆ. ನೀವು ಯಾರೂ ಮೇಲೆ ನೋಡಬೇಡಿ, ವಿಮಾನ ಬಂದಿಲ್ಲ.

ತುಟಿಯೂ ಅಲುಗಿತು. ಇಷ್ಟು ದೂರಕ್ಕೆ ಕೇಳಲಿಲ್ಲ. ಸಾಕು ಎಂದಳೋ, ಆ ಪದವನ್ನೇ ಅಂದಳೋ, ಮನೆಗೆ ಹೋಗಿ ಕೇಳುತ್ತೇನೆ. ಕೈ ಎದ್ದ ಮೇಲೆ ಬಾಯಿ ಮುಚ್ಚಬೇಕು ಎಂಬುದು ಪದ್ಧತಿ. ತಾಳ್ಮೆಯಿಂದ ಕೇಳಿದ ಅಧ್ಯಕ್ಷರಿಗೆ, ವಿಮಾನದ ಕೆಳಗೆ ಮನೆ ಮಾಡಲಿರುವ ಚಂದ್ರಾಮಪ್ಪ ದೇವಕಮ್ಮ ದಂಪತಿಗಳಿಗೆ, ಸಭಿಕರಾದ ನಿಮಗೆಲ್ಲ ನನ್ನ ಕೃತಜ್ಞತೆಗಳು. ಚಹಾ ಬಂದಿದೆ, ನನ್ನದನ್ನು ಬೇರೆಯವರಿಗೆ ಕೊಡಿ. ನಾವಿಬ್ಬರೂ ಈಗಲೇ ಹೊರಡುತ್ತೇವೆ. ನಮಸ್ಕಾರ.