ಅಣ್ಣನ ವಿಷಯ ಕೇಳಿದರೆ

ಅಯ್ಯೋ, ಹೀಗೆ ಗೋಣು ಬಗ್ಗಿಸ್ಕೊಂಡು ಕೂತ್ರೆ ನಾಳೆ ಆ ಆಫೀಸರಮ್ಮ ನಿನ್ನನ್ನ ನಿಂತ ಕಾಲಲ್ಲೇ ವಾಪಸ್ ಕಳಿಸ್ತಾಳೆ, ನೋಡ್ತಿರು! ತಲೆ ಎತ್ತು. ಹಾಂ, ಹಾಗೆ... ಅಷ್ಟು ಬೇಡ ಮಾರಾಯ್ತಿ! ನೀನು ಹೋಗ್ತಿರೋದು 'ನನ್ನನ್ನ ಇಲ್ಲೇ ಇರೋಕೆ ಬಿಡಿ, ಊರಿಗೆ ಕಳಿಸಿದ್ರೆ ಜೀವ ಉಳಿಯಲ್ಲ' ಅಂತ ಕೇಳೋಕೆ. ನಲ್ಲಿ ಹತ್ರ ನೀರಿನ ಕೊಡಕ್ಕೆ ಕಾದಾಡೋಕಲ್ಲ.

ಯಾಕೆ ನಗ್ತೀಯ? ಓ, ಈ ಬೆಡ್‌ಶೀಟ್ ನೋಡಿ! ನಗು, ನಗು. ಇದು ನನ್ನ ಕೋಟು. ಈಗ ನಾನು ನಿನ್ನ ಅತ್ತಿಗೆ ಅಲ್ಲ, ಆಫೀಸರು. ಈ ಇಸ್ತ್ರಿ ಮೇಜು ಅವಳ ಮೇಜು. ನೀನು ಆ ಟವೆಲ್ ಮೂಟೆ ಮೇಲೆ ಕೂತಿರು. ಕೈ ಮಾತ್ರ ನಿಲ್ಲಿಸ್ಬೇಡ, ದಿಂಬಿನ ಕವರು ಮಡಿಸ್ತಾ ಇರು. ಈ ಹೋಟೆಲಿನವರು ಕಾಗದ ಪತ್ರ ಇಲ್ಲದ ನಮ್ಮನ್ನ ಇಟ್ಕೊಂಡಿರೋದು ಬಟ್ಟೆ ಒಗೆಯೋಕೆ, ನಾಟಕ ಆಡೋಕಲ್ಲ.

ಸರಿ. ಹೇಳಮ್ಮ, ನೀನು ಗಡಿ ದಾಟಿ ಹೇಗೆ ಬಂದೆ?

...'ಲಾರೀಲಿ.' ಅಷ್ಟೇನಾ? ಲಾರೀಲಿ! ಮದುವೆ ದಿಬ್ಬಣದವರೂ ಲಾರೀಲೇ ಬರ್ತಾರೆ ಕಣೇ! ಬಂದ ದಿನ ನನಗೆ ಹೇಗೆ ಹೇಳಿದೆ? ಈರುಳ್ಳಿ ಮೂಟೆ ಹಿಂದೆ ಕೂರಿಸಿ ಹೊರಗಿಂದ ಚಿಲಕ ಹಾಕಿದ್ರು ಅಂತ. ಬೋಲ್ಟ್ ಬಿದ್ದುಹೋದ ಒಂದು ತೂತಿತ್ತು, ಅದಕ್ಕೆ ಬಾಯಿಟ್ಟು ಸರದಿ ಮೇಲೆ ಉಸಿರು ತಗೊಂಡ್ವಿ ಅಂತ. ಒಬ್ಬಳು ಅಜ್ಜಿ ನಿನ್ನ ಸರದೀನೂ ತಾನೇ ಎಳ್ಕೊಂಡ್ಲು, ನೀನು ಅವಳನ್ನ ಚಿವುಟಿದೆ... ಹೌದೋ ಅಲ್ವೋ? ಅದನ್ನ ಹೇಳು! ನಾಚಿಕೆ ಎಂಥದ್ದು? ಉಸಿರಿಗೋಸ್ಕರ ಅಜ್ಜೀನ ಚಿವುಟಿದ್ದು ತಪ್ಪಲ್ಲ. ಆ ಕೊನೇ ಮೂಲೆಯವಳನ್ನ ಎಷ್ಟು ಅಲುಗಾಡಿಸಿದ್ರೂ ಏಳ್ಲಿಲ್ಲ ಅಂದ್ಯಲ್ಲ, ಅದನ್ನೂ ಹೇಳು. ಕಷ್ಟ ಆಗುತ್ತೆ. ಆದ್ರೂ ಹೇಳು.

ಹಾಂ, ಹಾಗಂತ ಉಪ್ಪುಖಾರ ಹಚ್ಚಬೇಡ! ನಮ್ಮ ಮಹಡಿ ಮೇಲಿದ್ದ ಅಡುಗೆಯವನ ಕಥೆ ಗೊತ್ತಲ್ಲ? ಗಡೀಲಿ ನಾಯಿ ಬಿಟ್ಟು ಓಡಿಸಿದ್ರು ಅಂದ. ನಿಜಾನೇ, ಮೀನಖಂಡದಲ್ಲಿ ಹಲ್ಲಿನ ಗುರುತಿತ್ತು, ನಾನೇ ನೋಡಿದ್ದೀನಿ. ಸುಮ್ಮನಿರಬಾರ್ದಾ? ಮೊದಲ ಸಲ ಕೇಳಿದಾಗ ಒಂದು ನಾಯಿ, ಎರಡನೇ ಸಲ ನಾಯಿ ಹಿಂಡು, ಮೂರನೇ ಸಲಕ್ಕೆ ತೋಳ! ಸಾರಿಗೆ ನೀರು ಸುರಿದ ಹಾಗೆ ಸುರೀತಾ ಹೋದ ಪುಣ್ಯಾತ್ಮ. ನಗ್ಬೇಡ. ಅವನನ್ನ ವಾಪಸ್ ಕಳಿಸಿದ್ರು. ಆಮೇಲೆ ಅವನ ಸುದ್ದೀನೇ ಇಲ್ಲ. ಅವನ ಹೆಂಡತಿಗೂ ಇಲ್ಲ.

ಅದಕ್ಕೇ ಹೇಳ್ತಿರೋದು, ಇದ್ದದ್ದನ್ನ ಇದ್ದ ಹಾಗೆ ಹೇಳು. ಮರೆತಿದ್ರೆ ಮರೆತೆ ಅನ್ನು. ತೊದಲಿದ್ರೆ ತೊದಲು. ಒಂದೇ ಒಂದು ಸುಳ್ಳು ಸಿಕ್ಕಿದ್ರೆ ಸಾಕು, ನಿನ್ನ ನಿಜಾನೂ ಕಸದ ಬುಟ್ಟಿಗೆ ಹಾಕ್ತಾರೆ.

ಆಯ್ತಾ? ಇನ್ನೊಂದು ಸಣ್ಣ ಮಾತು. ಅಣ್ಣನ ವಿಷಯ ಕೇಳಿದ್ರೆ... ಗೊತ್ತಿಲ್ಲ ಅಂದ್ಬಿಡು. ಮುಂದಿನ ಪ್ರಶ್ನೆ. ನಿನ್ನ ವಯಸ್ಸೆಷ್ಟು?

ವಯಸ್ಸು ಕೇಳಿದೆ ಕಣೇ!

ಯಾಕೆ ಅಂದ್ರೆ? ಯಾಕೆ ಅಂದ್ರೆ ಏನು ಹೇಳ್ಲಿ! ಅವರು ಮೀನಿನ ಹಡಗಲ್ಲಿ ಕೆಲಸ ಮಾಡೋದೂ ಕದ್ದುಮುಚ್ಚಿ ತಾನೇ? ಸುಮ್ನೆ ಯಾಕೆ ಅವರನ್ನ ಎಳೆದು ತರ್ತೀಯ? ...ಹೌದಮ್ಮ, ಸುಳ್ಳು ಹೇಳ್ಬೇಡ ಅಂದೆ. 'ಗೊತ್ತಿಲ್ಲ' ಅನ್ನೋದು ಸುಳ್ಳಲ್ಲ. ನಿನಗೆ ಗೊತ್ತಿಲ್ಲ ತಾನೇ?

ಹಡಗಿನ ಹೆಸರು? ಅಯ್ಯೋ, ಅದನ್ನ ಯಾರು ಕೇಳ್ತಾರೆ! ನೀಲಿ ಬಣ್ಣದ್ದು. ...ಮೊನ್ನೆ ಬಿಳಿ ಅಂದಿದ್ನಾ? ಎರಡೂ ಇದೆ. ಕೆಳಗೆ ನೀಲಿ, ಮೇಲೆ ಬಿಳಿ. ಎಂಥಾ ಪೊಲೀಸಿನವಳೇ ನೀನು! ಟೈಲರಿಗೆ ಹಡಗಲ್ಲಿ ಏನು ಕೆಲಸ ಅಂತಾನೂ ಕೇಳ್ಬಿಡು! ಬಲೆ ಹೊಲೀತಾರೆ. ಕಾಲರು, ಜೇಬು ಎಲ್ಲಾ ಇಟ್ಟು ಬಲೆ ಹೊಲೀತಾರೆ ನಿಮ್ಮಣ್ಣ!

...ನಗ್ಬೇಕಿತ್ತು ಈಗ. ಜೇಬಿರೋ ಬಲೆ. ನಗು ಬರಲ್ವಾ?

ಹಾಗೆ ನೋಡ್ಬೇಡ. ಕವರು ಯಾಕೆ ಕೆಳಗಿಟ್ಟೆ? ಮಡಿಸು.

ಮಡಿಸು ಅಂದೆ.

ಅಯ್ಯೋ, ಏನಾದ್ರೂ ಮಾತಾಡೇ! ಬೈಯೋದಾದ್ರೂ ಬೈ. ಇಷ್ಟೊತ್ತು ವಟವಟ ಅಂತಿದ್ದವಳು... ನೀನು ಊರಿಂದ ಹೊರಡ್ತೀನಿ ಅಂದಾಗ ನಾನೇನಂದೆ? ಯಾವ ದಾರೀಲಾದ್ರೂ ಬಾ, ನೀರಿನ ದಾರಿ ಮಾತ್ರ ಬೇಡ ಅಂತ ಬಾಯಿ ಬಡ್ಕೊಂಡೆ. ಆಗ ಯಾಕೆ ಅಂತ ಕೇಳ್ಲಿಲ್ಲ ನೀನು. ಕೇಳ್ಬೇಕಿತ್ತು. ಕೇಳಿದ್ರೆ ಅವತ್ತೇ...

ಸರಿ ಬಿಡು. ನಾಳೆ ನೀನು ಅಲ್ಲಿ 'ಅಣ್ಣ ಹಡಗಲ್ಲಿದ್ದಾನೆ' ಅಂದ್ರೆ ನನ್ನನ್ನೂ ಕರೆಸ್ತಾರೆ. ನನ್ನ ವಿಚಾರಣೆ ದಿನ ನಾನು ಅಲ್ಲಿ ಬೇರೆ ಹೇಳಿದ್ದೀನಿ. ನಾನು ಹೇಳಿದ್ದೇ ಒಂದು, ನೀನು ಹೇಳೋದೇ ಒಂದು ಅಂತಾದ್ರೆ ಇಬ್ಬರನ್ನೂ ಒಂದೇ ಬಸ್ಸಿಗೆ ಹತ್ತಿಸ್ತಾರೆ.

ಏನು ಹೇಳಿದ್ದೀನಿ ಅಂತ ಕೇಳಲ್ವಾ?

...ಇಲ್ಲ, ನೀನು ಕೇಳಲ್ಲ. ನಾನೇ ಹೇಳ್ಬೇಕು ನಿನಗೆ.

ನಾನೂ ನಿಮ್ಮಣ್ಣನೂ ಬರೋವಾಗ, ದೋಣಿ ಹತ್ತೋ ಮುಂಚೆ ಏಜೆಂಟು ತೇಲೋ ಜಾಕೆಟ್ಟು ತಂದು ರಾಶಿ ಹಾಕಿದ. ನನ್ನ ಕೈಗೆ ಹೊಸದು ಸಿಕ್ತು. ಕಿತ್ತಳೆ ಬಣ್ಣ, ಫಳಫಳ ಅಂತಿತ್ತು. ಅವರಿಗೆ ಸಿಕ್ಕಿದ್ದು ಹಳೇದು, ಹೆಗಲ ಹತ್ರ ತೇಪೆ. ನಿಮ್ಮಣ್ಣ ಗೊತ್ತಲ್ಲ, ಬಟ್ಟೆ ಕಂಡ್ರೆ ಮುಟ್ಟದೆ ಬಿಡ್ತಾರಾ? ನನ್ನದನ್ನ ಎರಡು ಬೆರಳಲ್ಲಿ ಹಿಸುಕಿದ್ರು. ಆಮೇಲೆ ತಮ್ಮದನ್ನ ಹಿಸುಕಿದ್ರು. 'ಆ ಬಣ್ಣ ನಿನಗೆ ಒಪ್ಪಲ್ಲ, ಬಿಚ್ಚು' ಅಂದ್ರು. ಬಿಚ್ಚಿಸಿ ತಾವು ಹಾಕ್ಕೊಂಡ್ರು, ತಮ್ಮ ಹಳೇದನ್ನ ನನಗೆ ಹಾಕಿಸಿದ್ರು!

ನನಗೆ ಎಂಥಾ ಸಿಟ್ಟು ಬಂತು ಅಂತೀಯ! ಇಲ್ಲೂ ಹೊಸದು ನಿಮಗೇ ಆಗ್ಬೇಕಾ ಅಂದೆ. ದೋಣಿ ಹತ್ತಿದ ಮೇಲೂ ಮುಖ ಊದಿಸ್ಕೊಂಡೇ ಕೂತಿದ್ದೆ. ಮೊಣಕೈಯಲ್ಲಿ ತಿವಿದ್ರು, ನಗಿಸೋಕೆ. ನಾನು ಆ ಕಡೆ ತಿರುಗಿದೆ. ಮತ್ತೆ ತಿವಿದ್ರು. ನಾನು ಮಾತಾಡ್ಲಿಲ್ಲ. ದಡ ಸೇರಲಿ, ಆಮೇಲೆ ನೋಡ್ಕೋತೀನಿ ಇವರನ್ನ ಅಂದ್ಕೊಂಡೆ.

ದೋಣಿ ಮಗುಚ್ತು.

ಆ ಹಳೇ ಜಾಕೆಟ್ಟು ನನ್ನನ್ನ ಮೇಲೆ ಹಿಡ್ಕೊಂಡಿತ್ತು ಕಣೇ. ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ದಡದಲ್ಲಿ ಯಾರೋ ಒಂದು ಹೊಸ ಜಾಕೆಟ್ಟನ್ನ ಕತ್ತರಿಸಿ ಎಲ್ಲರಿಗೂ ತೋರಿಸ್ತಿದ್ರು. ಒಳಗೆ ಪಾತ್ರೆ ತಿಕ್ಕೋ ಸ್ಪಂಜು. ನೀರು ಕುಡಿದು ಕಲ್ಲಿನಷ್ಟು ಭಾರ ಆಗಿತ್ತು. ಮುಟ್ಟಿ ನೋಡಿ ಇದರಲ್ಲಿ ಹತ್ತಿ ಎಷ್ಟು, ನೈಲಾನ್ ಎಷ್ಟು ಅಂತ ಹೇಳೋ ಮನುಷ್ಯನಿಗೆ ಅದು ಗೊತ್ತಾಗಿರಲ್ವಾ? ಗೊತ್ತಾಗಿತ್ತು. ಗೊತ್ತಾಗೇ ಬಣ್ಣ ಒಪ್ಪಲ್ಲ ಅಂದ್ರು!

ಮೊದಲ ಸಲ ಊರಿಗೆ ಫೋನ್ ಮಾಡಿದಾಗ ನಿಮ್ಮಮ್ಮ ಎತ್ತಿದ ತಕ್ಷಣ 'ನನ್ನ ಮಗ ಉಂಡನಾ?' ಅಂದ್ರು. 'ಉಂಡ್ರು ಅತ್ತೆ' ಅಂದ್ಬಿಟ್ಟೆ. ಅಷ್ಟೇ. ಒಂದು ದಿನ ಉಣಿಸಿದ ಮೇಲೆ ದಿನಾ ಉಣಿಸ್ಬೇಕಲ್ಲ? ಉಣಿಸ್ತಾ ಬಂದೆ. ಹಡಗು ಹತ್ತಿಸಿದೆ, ಸಿಗ್ನಲ್ ಇಲ್ಲ ಅಂದೆ, ಜ್ವರ ಬರಿಸಿ ವಾಸೀನೂ ಮಾಡಿದೆ. ನನಗೂ ಅದು ಬೇಕಿತ್ತು ಅನ್ಸುತ್ತೆ. ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ನಿಜವಾಗ್ಲೂ ಎಲ್ಲೋ ಇದ್ದಾರೆ ಅನ್ನಿಸ್ತಿತ್ತು.

ಹತ್ರ ಬರ್ಬೇಡ, ಇರು. ಬಂದ್ರೆ ಹೇಳೋಕಾಗಲ್ಲ ನನಗೆ.

ನಾಳೆ ಕೇಳಿದ್ರೆ ಗೊತ್ತಿಲ್ಲ ಅನ್ಬೇಡ. ನಾನು ಹೇಳಿದ್ದನ್ನೇ ಹೇಳು. ಅಲ್ಲಿ ನಾನು ಅವರ ಭಾಷೇಲಿ ಹೇಳಿದ್ದು, ಕಲ್ತಿದ್ದ ನಾಲ್ಕು ಮಾತಲ್ಲಿ. ಅಳೂ ಬರ್ಲಿಲ್ಲ, ಯಾರದ್ದೋ ಗಂಡನ ವಿಷಯ ಹೇಳಿದ ಹಾಗಿತ್ತು. ನಮ್ಮ ಮಾತಲ್ಲಿ ಇವತ್ತಿನವರೆಗೂ ಅಂದಿಲ್ಲ ನಾನು. ಒಬ್ಬಳೇ ಇದ್ದಾಗಲೂ ಅಂದಿಲ್ಲ.

ಸತ್ತೋದ್ರು ಕಣೇ. ನಿಮ್ಮಣ್ಣ ಸತ್ತೋದ್ರು.