ಗೊರಾಯಿ ಖಾಡಿಯಲ್ಲಿ ಒಂದು ಊಟ

ನಿಮ್ಮ ಅಚಿಂತ್ಯನ ಟ್ರಿಪ್ಪಿಗೆ ಊಟ ಕಟ್ಟಿಕೊಡುತ್ತೇನೆ ಸುಮಿತ್ರಕ್ಕ, ಇಲ್ಲ ಅನ್ನುವುದಿಲ್ಲ. ಆದರೆ ಗೊರಾಯಿ ಖಾಡಿಯ ಕಡೆ ಹೋಗುವುದಾದರೆ ನನ್ನ ಅಡುಗೆಮನೆಯಿಂದ ಒಂದು ಅಗುಳೂ ಹೊರಗೆ ಹೋಗುವುದಿಲ್ಲ. ಯಾಕೆ ಎಂದು ಕೇಳಬೇಡಿ ಅಂದರೆ ನೀವು ಕೇಳದೆ ಬಿಡುವವರಲ್ಲ... ಆ ಬಾಗಿಲು ಸ್ವಲ್ಪ ಮುಂದೆ ಮಾಡಿ. ಒಳಗೆ ನಮ್ಮ ಯಕ್ಷಿತಾ ಮಲಗಿದ್ದಾಳೆ, ಮಗುವಿಗೆ ಕೇಳಿಸುವುದು ಬೇಡ.

ಇದು ಎಲ್ಲಿಯೋ ಯಾರಿಗೋ ಆದದ್ದಲ್ಲ. ನನ್ನ ದೊಡ್ಡಮ್ಮನ ಮಗ ಅಕ್ಷಯನಿಗೆ ಆದದ್ದು, ಹೋದ ವರ್ಷ ಫೆಬ್ರವರಿಯಲ್ಲಿ. ಅವನ ಅಪ್ಪನದ್ದು ಗ್ರಾಂಟ್ ರೋಡಿನಲ್ಲಿ ಹೋಟೆಲು. ಗಲ್ಲಾದಲ್ಲಿ ಕೂರು ಎಂದರೆ ಇವ ಕೂರಲಿಲ್ಲ. ಇಲ್ಲಿ ಬೊರಿವಲಿಯಲ್ಲೇ ಸಂದೀಪ ಅಂತ ಅವನ ಶಾಲೆಯ ದೋಸ್ತ್ ಒಬ್ಬ ಇದ್ದ, ವಿಜಯಪುರದ ಕಡೆಯವರ ಮಗ. ಇಬ್ಬರೂ ಸೇರಿ ಆಫೀಸಿನವರನ್ನು ಮೂರು ದಿನ ತಿರುಗಾಡಿಸುವ ಕೆಲಸ ಶುರು ಮಾಡಿದರು. ಮೊದಲ ದಿನ ಉತ್ತನ್ ಕಡೆ ಗುಡ್ಡ ಹತ್ತುವುದು. ಎರಡನೇ ದಿನ ಸಮುದ್ರದ ಬದಿಯಲ್ಲಿ ಸೈಕಲು. ಮೂರನೇ ದಿನ ಖಾಡಿಯ ಹಿನ್ನೀರಿನಲ್ಲಿ ಕಯಾಕು, ಅದೇ ಆ ಸಪೂರದ ಒಂಟಿ ದೋಣಿ. ಎರಡೂ ಬದಿಗೆ ಕಾಂಡ್ಲಾ ಗಿಡ, ನಡುವೆ ಉಪ್ಪುನೀರು, ನೀರು ಇಳಿದರೆ ಬರೀ ಕೆಸರು. ಏಸಿಯಲ್ಲಿ ಕೂತವರು ಕಾಸು ಕೊಟ್ಟು ಬಂದು ಆ ಕೆಸರಿನಲ್ಲಿ ಬಿದ್ದು ಖುಷಿಪಡುತ್ತಾರೆ, ನನಗೆಂತ. ಅವರಿಗೆ ಊಟ ಮಾತ್ರ ನನ್ನದೇ ಆಗಿತ್ತು.

ಎರಡನೇ ದಿನ ರಾತ್ರಿ. ಬಂದವರೆಲ್ಲ ಉಂಡು ಟೆಂಟಿನಲ್ಲಿ ಮಲಗಿದ್ದರು. ಇವರಿಬ್ಬರು ಸಮುದ್ರದ ಬದಿಯಲ್ಲಿ ಪಾತ್ರೆ ತೊಳೆದುಕೊಂಡು ವಾಪಸ್ ಬರುತ್ತಿದ್ದರು. ದಾರಿಯಲ್ಲಿ ಒಂದು ಹಳೆಯ ಬಾವಿ. ಊರಿನವರು ಆ ಬಾವಿಯ ನೀರು ಮುಟ್ಟುವುದಿಲ್ಲ, ಮುಟ್ಟಲು ನೀರೂ ಇಲ್ಲ, ಬತ್ತಿ ವರ್ಷಗಳಾಗಿವೆ. ಅದರ ಕಟ್ಟೆಯ ಮೇಲೆ ಒಬ್ಬ ಕೂತಿದ್ದ. ಲುಂಗಿ ಮೇಲೆತ್ತಿ ಕಟ್ಟಿದ್ದ, ಹೆಗಲಿಗೊಂದು ಬೈರಾಸು. ಥೇಟ್ ನಮ್ಮ ಹೋಟೆಲಿನ ಭಟ್ಟರ ಹಾಗೆ.

ಲುಂಗಿಯಿಂದ ನೀರು ಬೀಳುತ್ತಿತ್ತಂತೆ. ತೊಟ್... ತೊಟ್... ತೊಟ್...

ನೀವಾದರೆ ಸುಮ್ಮನೆ ದಾಟಿ ಹೋಗುತ್ತಿದ್ದಿರಿ. ನಮ್ಮ ತುಳುವಿನವರಿಗೆ ಆಗುವುದಿಲ್ಲ ಸುಮಿತ್ರಕ್ಕ. ಎದುರು ಸಿಕ್ಕವ ನಮ್ಮವನ ಹಾಗೆ ಕಂಡರೆ ಸಾಕು, ಬಾಯಿ ತನ್ನಷ್ಟಕ್ಕೇ ತೆರೆಯುತ್ತದೆ. ಅದರ ಮೇಲೆ ಅಕ್ಷಯ ಹೋಟೆಲಿನಲ್ಲಿ ಹುಟ್ಟಿದವ. ತುಳುವಿನಲ್ಲಿ ಕೇಳಿಬಿಟ್ಟ.

"ಒಣಸ್ ಆಂಡಾ ಅಣ್ಣೆರೆ?"

ಊಟ ಆಯ್ತಾ ಅಣ್ಣಾ, ಅಷ್ಟೇ. ಅದಕ್ಕೆ ಯಾರಾದರೂ ಇಲ್ಲ ಅನ್ನುತ್ತಾರಾ? ಹೊಟ್ಟೆಯಲ್ಲಿ ಬೆಂಕಿ ಇದ್ದರೂ 'ಆಯ್ತು, ನಿಮ್ಮದು?' ಎನ್ನುವುದೇ ನಮ್ಮ ಕ್ರಮ. ಆ ಮನುಷ್ಯ ತಲೆ ಎತ್ತಲಿಲ್ಲ. ನೆಲ ನೋಡಿಕೊಂಡೇ ಹೇಳಿದ.

"ಆತಿಜ್ಜಿ."

ಆಗಿಲ್ಲ ಎಂದ. ಅಕ್ಷಯನ ಮುಖ ಸಣ್ಣದಾಯಿತು. ಕೈಯಲ್ಲಿದ್ದದ್ದು ತೊಳೆದ ಪಾತ್ರೆ. ಕೊಡಲು ಏನೂ ಇಲ್ಲ.

ಸಂದೀಪನಿಗೆ ತುಳು ಬರುವುದಿಲ್ಲ. "ಏನಂದನಲೇ ಅಂವ?" ಎಂದು ಮೆಲ್ಲ ಕೇಳಿದ.

"ಊಟ ಆಗಿಲ್ಲಂತೆ."

"ಪಾಪ. ಹಂಗಾರ ನಾಳೆ ನನ್ನ ಪಾಲು ಅವಂಗ ಕೊಟ್ಟುಬಿಡು. ನಾ ಹೆಂಗೂ ಹೊಟ್ಟಿ ಇಳಸಬೇಕು."

ತಮಾಷೆಗೆ ಹೇಳಿದ್ದು. ಅಕ್ಷಯ ಅದನ್ನೇ ಹಿಡಿದುಕೊಂಡು ಆ ಮನುಷ್ಯನಿಗೆ ಹೇಳಿದ, ನಾಳೆ ಬನ್ನಿ ಅಣ್ಣಾ, ಇವನ ಪಾಲು ನಿಮಗೆ, ಒಟ್ಟಿಗೆ ಕೂತು ಉಣ್ಣುವ. ಆ ಮನುಷ್ಯ ಒಂದು ಸಲ ತಲೆ ಆಡಿಸಿದ. ಇವರು ಬಂದು ಮಲಗಿದರು. ಹೊತ್ತು ಮುಳುಗಿದ ಮೇಲೆ ಗುರುತಿಲ್ಲದವರನ್ನು ಊಟಕ್ಕೆ ಕರೆಯಬಾರದು ಎಂದು ನನ್ನ ಅಜ್ಜಿ ನೂರು ಸಲ ಹೇಳಿದ್ದರು, ಇವನಿಗೂ ಹೇಳಿದ್ದರು. ಕಿವಿಗೆ ಹಾಕಿಕೊಂಡರೆ ತಾನೆ.

ಮರುದಿನ ಮಧ್ಯಾಹ್ನದ ಊಟ ನಾನೇ ಕಟ್ಟಿ ಫೆರಿಯಲ್ಲಿ ಕಳಿಸಿದ್ದೆ. ಬಾಳೆಲೆಯಲ್ಲಿ ಕುಚ್ಚಲಕ್ಕಿ ಅನ್ನ, ಪ್ಲಾಸ್ಟಿಕ್ ತೊಟ್ಟೆಯಲ್ಲಿ ನುಗ್ಗೆಕಾಯಿ ಸಾಂಬಾರು, ಬದಿಯಲ್ಲಿ ಮಾವಿನ ಉಪ್ಪಿನಕಾಯಿ. ಬಂದವರು ಉಂಡರು, ಅಕ್ಷಯನೂ ನಿಂತುಕೊಂಡೇ ನಾಲ್ಕು ತುತ್ತು ಉಂಡ. ಸಂದೀಪ ಕಯಾಕುಗಳನ್ನು ನೀರಿಗೆ ಇಳಿಸುವ ಗಡಿಬಿಡಿಯಲ್ಲಿದ್ದ. ನೀರು ಇಳಿಯುವ ಮೊದಲು ಹೊರಡಬೇಕಲ್ಲ. ಅವ ತನ್ನ ಊಟದ ಕಟ್ಟನ್ನು ದೋಣಿಯ ಡಬ್ಬಿಯೊಳಗೆ ಇಟ್ಟುಕೊಂಡ. ಬಾವಿಯ ಹತ್ತಿರದವನ ನೆನಪು ಇಬ್ಬರಿಗೂ ಬರಲಿಲ್ಲ.

ಅವರ ಕೆಲಸದ ಕ್ರಮ ಹೀಗೆ. ಅಕ್ಷಯ ಎಲ್ಲರಿಗಿಂತ ಮುಂದೆ, ಸಂದೀಪ ಎಲ್ಲರಿಗಿಂತ ಹಿಂದೆ. ನಡುವೆ ಬಂದವರು. ಏನಾದರೂ ಕಷ್ಟವಾದರೆ ಮೂರು ಸೀಟಿ. ಖಾಡಿಯ ಕೊನೆಯ ತಿರುವಿನಲ್ಲಿ ಸಂದೀಪ ಕೂಗಿ ಹೇಳಿದ, "ನೀ ಎಲ್ಲಾರನ್ನೂ ಜೆಟ್ಟಿಗಿ ಮುಟ್ಟಿಸು, ನಾ ಎರಡು ತುತ್ತು ತಿಂದು ಬರ್ತೀನಿ." ಜೆಟ್ಟಿ ಕಣ್ಣಿಗೆ ಕಾಣುತ್ತಿತ್ತು. ಅಕ್ಷಯ ಆಯ್ತು ಎಂದ. ಎಲ್ಲರನ್ನೂ ಹತ್ತಿಸಿ, ವ್ಯಾನಿನಲ್ಲಿ ಕೂರಿಸಿ, ನೀರು ಕುಡಿಯುತ್ತಿದ್ದ. ಆರೂವರೆ ಆಗಿತ್ತು, ಬೆಳಕು ಹೋಗುತ್ತಿತ್ತು.

ಪೀ... ಪೀ... ಪೀ...

ಮೂರನೆಯದು ಪೂರ್ತಿ ಆಗಲಿಲ್ಲ. ನಡುವೆ ನೀರು ತುಂಬಿದ ಹಾಗೆ ಗುಳಗುಳ ಆಗಿ ನಿಂತುಹೋಯಿತು.

ಅಕ್ಷಯ ತಿರುವಿಗೆ ಹೋಗುವಾಗ ಸಂದೀಪನ ದೋಣಿ ಮಗುಚಿತ್ತು. ಸಂದೀಪನ ತಲೆ ಮೇಲೆ ಬರುತ್ತಿತ್ತು, ಮುಳುಗುತ್ತಿತ್ತು. ಹಿಂದಿನಿಂದ ಎರಡು ಕೈ ಅವನ ಕುತ್ತಿಗೆ ತಬ್ಬಿದ್ದವು. ಅದೇ ಬೈರಾಸು, ಅದೇ ಮನುಷ್ಯ. ಕಂಠಮಟ್ಟ ನೀರಿನಲ್ಲಿ ನಿಂತುಕೊಂಡು ಅವನನ್ನು ಅದ್ದುತ್ತಿದ್ದ, ಎತ್ತುತ್ತಿದ್ದ, ಮತ್ತೆ ಅದ್ದುತ್ತಿದ್ದ. ಬಟ್ಟೆ ಒಗೆಯುವವರ ಹಾಗೆ, ಅವಸರವಿಲ್ಲದೆ.

ಅಕ್ಷಯ ಯೋಚನೆ ಮಾಡಲಿಲ್ಲ. ಪ್ಯಾಡಲ್ ಎತ್ತಿ ಅವನ ತಲೆಗೆ ಹೊಡೆದ. ಟಪ್. ಕಾಯಿ ಒಡೆದ ಸದ್ದು ಬಂತು. ಮತ್ತೆ ಹೊಡೆದ. ಮತ್ತೆ. ಆರು ಸಲವೋ ಏಳು ಸಲವೋ... ಬುರುಡೆ ಒಳಗೆ ಹೋಯಿತು, ಕಿವಿ ಹರಿದು ಜೋತುಬಿತ್ತು, ರಕ್ತ ಮಾತ್ರ ಒಂದು ಹನಿ ಬರಲಿಲ್ಲ. ಪ್ಯಾಡಲ್ ಮುರಿಯಿತು. ಮುರಿದ ತುದಿಯನ್ನು ಕುತ್ತಿಗೆಗೆ ಚುಚ್ಚಿದ, ಅದು ಒಳಗೆ ಹೋಗಿ ಅಲ್ಲೇ ನಿಂತಿತು. ಅದು ಆಗ ಮುಖ ತಿರುಗಿಸಿತು. ದವಡೆ ಒಂದು ಬದಿಗೆ ಜಾರಿತ್ತು. ಆ ಬಾಯಲ್ಲೇ ಕೇಳಿತು.

"ಒಣಸ್?"

ಕೇಳಿ, ಸಂದೀಪನ ಬಲಗೈ ಎತ್ತಿ ಬಾಯಿಗೆ ಇಟ್ಟುಕೊಂಡಿತು.

ಕಟಕ್... ಕಟಕ್...

ಎರಡು ಸಲ. ಅಕ್ಷಯ ಇದನ್ನು ಹೇಳುವಾಗ ಈಗಲೂ ಕಿವಿ ಮುಚ್ಚಿಕೊಳ್ಳುತ್ತಾನೆ.

ಅದು ಬಾಯಿ ಆಡಿಸುವಷ್ಟರಲ್ಲಿ ಅಕ್ಷಯ ಸಂದೀಪನ ಜಾಕೆಟಿನ ಕೊರಳುಪಟ್ಟಿ ಹಿಡಿದು ಎಳೆದೆಳೆದು ಕೆಸರಿನ ದಿಬ್ಬಕ್ಕೆ ಹಾಕಿದ. ಅಂಗಿ ಹರಿದು ಕೈಗೆ ಬಿಗಿದ. ಅವನ ದೋಣಿಯನ್ನೂ ಎಳೆದುಕೊಂಡ. ದಾಟಿಹೋಗುವ ಎಂದು ನೋಡಿದರೆ, ಅದು ಕಾಂಡ್ಲಾ ಬೇರುಗಳ ನಡುವಿನಿಂದ ತೆವಳಿಕೊಂಡು ಬಂತು. ಚಪ್... ಚಪ್... ಚಪ್... ಸಂದೀಪನ ಕಾಲು ಹಿಡಿದು ಎಳೆಯಿತು. ಇವ ಈ ಕಡೆಯಿಂದ ಎಳೆದ. ಸಂದೀಪನ ಪಾದ ತಿರುಚಿ ಲಟಕ್ ಎಂದಿತು. ಅವ ಹಾಕಿದ ಬೊಬ್ಬೆ ಜೆಟ್ಟಿಯ ವ್ಯಾನಿನವರಿಗೂ ಕೇಳಿಸಿತು, ನಾಯಿಗಳು ಕಚ್ಚಾಡುತ್ತಿವೆ ಎಂದುಕೊಂಡರಂತೆ. ಅಕ್ಷಯ ಕಾಲಿನಿಂದ ಅದರ ಮುಖಕ್ಕೆ ತುಳಿದ, ಹಲ್ಲು ಉದುರುವುದು ಕಾಲಿಗೆ ಗೊತ್ತಾಯಿತು. ಅದು ಬಿಡಲಿಲ್ಲ. ತುಳಿದಷ್ಟೂ ಕೈ ಬಿಗಿಯಾಯಿತು.

ಆಗ ಇವನಿಗೆ ಹೊಳೆಯಿತು. ಊಟಕ್ಕೆ ಕರೆದದ್ದು ತಾನು. ಪಾಲು ಸಂದೀಪನದ್ದು. ಬಡಿಸಲಿಲ್ಲ.

ನಮ್ಮಲ್ಲಿ ಸತ್ತವರ ಆತ್ಮಕ್ಕೆ ಕುಲೆ ಅನ್ನುತ್ತಾರೆ ಸುಮಿತ್ರಕ್ಕ. ವರ್ಷಕ್ಕೊಮ್ಮೆ ಕುಲೆಗಳಿಗೆ ಎಲೆ ಹಾಕಿ ಬಡಿಸುತ್ತೇವೆ. ಬಡಿಸುವವರು ಯಾರೂ ಇಲ್ಲದ ಕುಲೆ ಎಲ್ಲಿ ಹೋಗಬೇಕು ಹೇಳಿ. ಇವ ದೋಣಿಯ ಡಬ್ಬಿ ತೆಗೆದ. ನಾನು ಕಟ್ಟಿದ ಕಟ್ಟು ಬಿಚ್ಚದೆ, ಒದ್ದೆಯಾಗದೆ ಹಾಗೇ ಇತ್ತು. ನೂಲು ಬಿಚ್ಚಿದ. ಕೆಸರಿನ ಮೇಲೆ ಎಲೆ ಬಿಡಿಸಿದ. ಅನ್ನಕ್ಕೆ ಸಾಂಬಾರು ಸುರಿದ. ಎದುರು ಕೂತು, ತಲೆ ತಗ್ಗಿಸಿ, ತುಳುವಿನಲ್ಲಿ ಕರೆದ.

"ಬಲೆ ಅಣ್ಣೆರೆ... ಬಲೆ. ತಪ್ಪಾಂಡ್. ಒಣಸ್ ಮಲ್ಪುಗ."

ಬನ್ನಿ ಅಣ್ಣಾ, ತಪ್ಪಾಯಿತು, ಊಟ ಮಾಡುವ.

ಕಾಲು ಹಿಡಿದ ಕೈ ಸಡಿಲವಾಯಿತು. ಪಂಕ್ತಿಯಲ್ಲಿ ಕೂರುವವರ ಹಾಗೆ ಅದು ಎಲೆಯ ಆಚೆ ಚಕ್ಕಳಮಕ್ಕಳ ಹಾಕಿ ಕೂತಿತು. ಒಟ್ಟಿಗೆ ಉಣ್ಣುವ ಎಂದಿದ್ದನಲ್ಲ, ಇವನೂ ಉಣ್ಣಬೇಕಾಯಿತು. ತನ್ನ ಬದಿಯ ಅನ್ನವನ್ನಷ್ಟೇ ಮೂರು ತುತ್ತು ನುಂಗಿದ. ಬದಿಯಲ್ಲಿ ಸಂದೀಪ ರಕ್ತ ಸುರಿಸುತ್ತಾ ಬಿದ್ದಿದ್ದಾನೆ, ಎದುರು ಅದು ಸುರ್... ಸುರ್... ಎಂದು ಚೀಪುತ್ತಿದೆ, ಇವ ಅನ್ನ ನುಂಗುತ್ತಿದ್ದಾನೆ. ನನ್ನ ಅಕ್ಷಯ. ಚಿಕ್ಕವನಿದ್ದಾಗ ಕತ್ತಲಲ್ಲಿ ಬಚ್ಚಲಿಗೂ ಒಬ್ಬನೇ ಹೋಗುತ್ತಿರಲಿಲ್ಲ. ಅವ ಒಮ್ಮೆಯೂ ತಲೆ ಎತ್ತಿ ನೋಡಲಿಲ್ಲ. ಮೂರನೇ ತುತ್ತು ಇಳಿದದ್ದೇ ಸಂದೀಪನನ್ನು ದೋಣಿಗೆ ಎಳೆದುಹಾಕಿ, ಎಲೆ ಹಾಗೇ ತೆರೆದು ಬಿಟ್ಟು, ಕೈಯಲ್ಲೇ ನೀರು ತಳ್ಳಿಕೊಂಡು ಜೆಟ್ಟಿಗೆ ಬಂದ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, ಎಂತ ಆಯ್ತು? ಬೋಟಿನ ಫ್ಯಾನು ತಾಗಿತು ಎಂದ ಅಕ್ಷಯ. ಡಾಕ್ಟರು ಗಾಯ ನೋಡಿದರು, ಇವನ ಮುಖ ನೋಡಿದರು, ಬರೆದುಕೊಂಡರು. ತೋರುಬೆರಳು, ನಡುಬೆರಳು ಬುಡದಿಂದ ಇಲ್ಲ. ಬೆಳಗಾಗುವುದರೊಳಗೆ ಆ ಬೆರಳು ಐಸಿನಲ್ಲಿಟ್ಟು ತಂದರೆ ಹೊಲಿದು ಕೂರಿಸಬಹುದು, ಇಲ್ಲದಿದ್ದರೆ ಬಲಗೈ ಇಷ್ಟೇ ಎಂದರು. ಸಂದೀಪನ ಅಮ್ಮ ಅಲ್ಲೇ ನೆಲದ ಮೇಲೆ ಕೂತಿದ್ದರು. ಅಕ್ಷಯನ ಕಾಲು ಹಿಡಿದುಕೊಂಡರು. "ನನ್ನ ಮಗನ ಕೈ ತಂದುಕೊಡಪ್ಪಾ," ಎಂದರು.

ರಾತ್ರಿ ಹತ್ತಕ್ಕೆ ನನಗೆ ಅಕ್ಷಯನ ಫೋನು ಬಂತು. ಅಕ್ಕಾ, ಐಸು ಉಂಟಾ? ಕೇಟರಿಂಗಿನವಳ ಮನೆಯಲ್ಲಿ ಐಸಿಗೆ ಏನು ಬರ. ಥರ್ಮಾಕೋಲ್ ಡಬ್ಬಿ ತುಂಬಿಸಿಕೊಂಡು ರಿಕ್ಷಾದಲ್ಲಿ ಜೆಟ್ಟಿಗೆ ಹೋದೆ. ಅಲ್ಲಿ ನಿಂತು ಎಲ್ಲ ಹೇಳಿದ. ನಾನು ನಂಬಲಿಲ್ಲ, ಪೆಟ್ಟು ಬಿದ್ದು ತಲೆ ಕೆಟ್ಟಿದೆ ಎಂದುಕೊಂಡೆ. ಆದರೆ ಅವನನ್ನು ಒಬ್ಬನೇ ಕಳಿಸಲು ಮನಸ್ಸು ಬರಲಿಲ್ಲ. ಬೋಟಿನವನಿಗೆ ದುಪ್ಪಟ್ಟು ಬಾಡಿಗೆ ಕೊಟ್ಟು ನಾನೂ ಹತ್ತಿದೆ.

ತಿರುವಿನಲ್ಲಿ ಬೋಟಿನವ ಎಂಜಿನ್ ನಿಲ್ಲಿಸಿದ. ಸದ್ದೇ ಇಲ್ಲ... ಕೆಸರಿನಲ್ಲಿ ಏಡಿಗಳು ಕಿಟಿಕಿಟಿ ಅನ್ನುವುದು ಮಾತ್ರ. ಮೊಣಕಾಲವರೆಗೆ ಹೂತುಕೊಂಡು ಇಬ್ಬರೂ ದಿಬ್ಬ ಹತ್ತಿದೆವು. ನಾನು ಟಾರ್ಚ್ ಹಿಡಿದೆ. ರಕ್ತ ಇತ್ತು. ಅಕ್ಷಯ ಕೂತಿದ್ದ ಗುರುತು ಇತ್ತು. ಎದುರು ಯಾವ ಗುರುತೂ ಇರಲಿಲ್ಲ. ನಡುವೆ ನನ್ನ ಬಾಳೆಲೆ.

"ಅಕ್ಕಾ... ನಾನು ತೆರೆದೇ ಬಿಟ್ಟು ಬಂದದ್ದು," ಎಂದ ಅಕ್ಷಯ, ಪಿಸುಮಾತಿನಲ್ಲಿ.

ಎಲೆ ಮಡಚಿತ್ತು. ಹೊಟ್ಟೆ ತುಂಬಿದವರು ಮಡಚುವ ಹಾಗೆ, ನೀಟಾಗಿ, ಅದು ಕೂತಿದ್ದ ಆಚೆ ಬದಿಗೆ.

ಅವನ ಕೈ ಮುಂದೆ ಹೋಗಲಿಲ್ಲ. ನಾನೇ ಬಗ್ಗಿ ಬಿಡಿಸಿದೆ. ಒಂದು ಅಗುಳಿಲ್ಲ. ಉಂಡವರು ತಿನ್ನಲಾಗದ್ದನ್ನು ಎಲೆಯ ಮೂಲೆಗೆ ಸರಿಸಿ ಇಡುತ್ತಾರಲ್ಲ, ಹಾಗೆ ಒಂದು ಕಡೆ ಕರಿಬೇವು. ಅದರ ಬದಿಯಲ್ಲಿ ಚೀಪಿ ಇಟ್ಟ ನುಗ್ಗೆಕಾಯಿಯ ಸಿಪ್ಪೆ. ಸಿಪ್ಪೆಯ ಬದಿಯಲ್ಲಿ ಬೆರಳಿನ ಎಲುಬು, ಎರಡು ಬೆರಳಿನದ್ದೂ, ಗಂಟುಗಂಟು ಬಿಡಿಸಿ ಚೀಪಿ ಸಾಲಾಗಿ ಇಟ್ಟದ್ದು. ಹೊಲಿಯಲು ಚೂರು ಮಾಂಸ ಉಳಿದಿರಲಿಲ್ಲ.

ಡಬ್ಬಿಯ ಐಸನ್ನು ಅಲ್ಲೇ ಖಾಡಿಗೆ ಸುರಿದು ಬಂದೆವು. ಸಂದೀಪನ ಅಮ್ಮನಿಗೆ, ನೀರಿನಲ್ಲಿ ಸಿಗಲಿಲ್ಲ ಎಂದು ನಾನೇ ಸುಳ್ಳು ಹೇಳಿದೆ. ಅವನೀಗ ಎಡಗೈಯಲ್ಲಿ ಉಣ್ಣುತ್ತಾನೆ. ನೀವು ನಂಬಿ, ಬಿಡಿ, ಆ ಎಲೆ ಕಟ್ಟಿದವಳೂ ನಾನು, ಬಿಡಿಸಿ ನೋಡಿದವಳೂ ನಾನು. ಇದೇ ಕಣ್ಣಿನಲ್ಲಿ ನೋಡಿದ್ದು.

ಆ ಎಲೆಯಲ್ಲಿ ನನ್ನ ಉಪ್ಪಿನಕಾಯಿಯನ್ನು ಮಾತ್ರ ಅದು ಮುಟ್ಟಿರಲಿಲ್ಲ.