ವಾಪಸ್ ತಗೊಂಡ ಸಾಕ್ಷಿ

...ಚೀಟಿ ನಾ ನೋಡೇನಿ ಶೀಲಾ, ನೀ ಮುಚ್ಚಬ್ಯಾಡ. ಡಾಕ್ಟರ್ ನಿನಗ ಬರದು ಕೊಟ್ಟ ಚೀಟಿನ್ನ ನಿಮ್ಮವ್ವ ಜ್ವಾಳದ ಹಿಟ್ಟಿನ ಡಬ್ಬಿ ಕೆಳಗ ಇಟ್ಟಾಳ. ನನ್ನ ಅಡಗಿಮನ್ಯಾಗ, ನನ್ನ ಡಬ್ಬಿ ಕೆಳಗ! ಮೂವತ್ತು ವರ್ಷ ಹುಡುಗ್ಯಾರ ಹಾಸ್ಟೆಲ್‌ನ್ಯಾಗ ಅಡಗಿ ಮಾಡಿದಾಕಿ ನಾ, ಡಬ್ಬಿ ಒಂದು ಬೊಟ್ಟು ಸರದ್ರ ನನಗ ತಿಳೀತೈತಿ. ಕೇಳಿದ್ರ, "ಅತ್ತಿ, ಯಾರ ಮುಂದೂ ಹೇಳಬ್ಯಾಡ್ರಿ, ನಾಳೆ ಹುಡುಗಿನ್ನ ನೋಡಾಕ ಬರೋರು ಏನಂತಾರ" ಅಂತಾಳ. ಏನಂತಾರ? ಅನ್ನಲಿ. ನೀ ಧಾರವಾಡದ ಕೋಚಿಂಗ್ ಬಿಟ್ಟು ಹುಬ್ಬಳ್ಳಿಗೆ ಬಂದು ಎಂಟು ದಿನಾ ಆತು, ಹೊಟ್ಟಿ ತುಂಬ ಉಂಡಿಲ್ಲ, ತಲಿ ಬಾಚಿಲ್ಲ, ಗ್ವಾಡಿ ಕಡೆ ಮುಖಾ ಮಾಡಿ ಮಲಗಿದ್ದು ಮಲಗಿದಂಗ ಅದಿ. ನಾ ಹೇಳದಿದ್ರ ನೋಡೋರಿಗೆ ಕಾಣೂದಿಲ್ಲೇನು? ಬಾ, ಇಲ್ಲೆ ಕಟ್ಟಿ ಮ್ಯಾಲ ಕೂಡು. ನಿಮ್ಮಜ್ಜನೂ ಅಲ್ಲೇ ಕುಂತಾರ ಪೇಪರ್ ಹಿಡಕೊಂಡು, ಓದಿದಂಗ ಮಾಡ್ತಾರ, ಕಿವಿ ಎಲ್ಲಾ ಇಲ್ಲೇ ಐತಿ. ಕುಂದ್ರಲಿ ಬಿಡು, ಈ ಕಥಿಯೊಳಗ ಅವರೂ ಅದಾರ.

ನನಗ ಇದ ಆಗಿತ್ತು. ಇದ. ನೀ ಆವಾಗ ಒಂದನೇತ್ತೇ... ಅಲ್ಲ, ಇನ್ನೂ ಬಾಲವಾಡಿಗೆ ಹೋಗ್ತಿದ್ದಿ. ನಾ ಹಾಸ್ಟೆಲ್ ಕೆಲಸ ಮುಗಿಸಿ ಮನ್ಯಾಗ ಕುಂತು ಒಂದು ವರ್ಷ ಆಗಿತ್ತು. ಏನೂ ಆಗಿದ್ದಿಲ್ಲವಾ, ಇದನ್ನ ಛಂದಂಗ ಕೇಳು, ಏನೂ ಆಗಿದ್ದಿಲ್ಲ. ಯಾರೂ ಸತ್ತಿದ್ದಿಲ್ಲ, ಜಗಳ ಇದ್ದಿಲ್ಲ, ಎಲ್ಲಾರೂ ಛಲೋ ಇದ್ರು. ಬಂದ ಬಂದವರೆಲ್ಲಾ "ಕಾರಣ ಏನು, ಕಾರಣ ಏನು" ಅಂತ ಕೇಳೋರು. ಜ್ವರಾ ಬಂದ್ರ ಯಾರರ ಕಾರಣ ಕೇಳ್ತಾರೇನು? ಹಿಟ್ಟು ನಾದಿ ಮುಂದ ಇಟಗೊಂಡು ಕುಂತ್ರ ರೊಟ್ಟಿ ಬಡ್ಯಾಕ ಕೈ ಏಳತಿದ್ದಿಲ್ಲ. ಇನ್ನೂರು ರೊಟ್ಟಿ ಬಡದ ಕೈ! ಪ್ರಾರ್ಥನಾ ಮಾಡೂಣು ಅಂತ ಮೊಣಕಾಲೂರಿದ್ರ "ತಂದೇ" ಅಂಬೂದು ಬರ್ತಿತ್ತು, ಮುಂದಿನ ಮಾತು ಬರ್ತಿದ್ದಿಲ್ಲ. ಹಂಗ ಕುಂತು ಕುಂತು ಕಾಲು ಜೋಮು ಹಿಡಿಯೂದು. ಹೋಗ್ತಾ ಹೋಗ್ತಾ ನಾ ಇರದಿದ್ರ ಇವರಿಗೆಲ್ಲಾ ಹಗೂರ ಆಗತೈತಿ ಅನಸಾಕ ಹತ್ತಿತು. ಹೌದು, ಹಂಗ ಅನಸ್ತು. ಮುಖಾ ಯಾಕ ಕೆಳಗ ಹಾಕಿದಿ? ನಿನಗೂ ಅನಸ್ತೈತೇನು? ...ಅನಸಿದ್ರ ಹೇಳವಾ, ನಾ ಗಾಬರಿ ಆಗೂದಿಲ್ಲ. ಅನಸಿದ ದಿನ ನನ್ನ ಹತ್ರ ಬಂದು ಕುಂದ್ರು ಅಷ್ಟ.

ಆವಾಗ ನಮ್ಮ ಚರ್ಚಿನ ಸಭೆಯ ಮಹಿಳಾ ಕೂಟಕ್ಕ ಪ್ರಭಾವತಿ ಅಕ್ಕಾರು ಅಂತ ಹಿರೇರಿದ್ರು. ಕೆಟ್ಟೋರಲ್ಲ, ಅದನ್ನೂ ಹೇಳ್ತೇನಿ, ಯಾರ ಮನ್ಯಾಗ ಬ್ಯಾನಿ ಬಂದ್ರೂ ಮೊದಲ ಹೋಗಿ ಗಂಜಿ ಕಾಸೋರು ಅವರ. ಆದ್ರ ಬಾಯಿ! ನಾಕು ಮಂದಿನ್ನ ಕರಕೊಂಡು ಬಂದು ನನ್ನ ತಲಿ ಮ್ಯಾಲ ಕೈ ಇಟ್ಟು ಪ್ರಾರ್ಥನಾ ಮಾಡಿದ್ರು, ಆಮ್ಯಾಲ ಕಣ್ಣು ಸಣ್ಣ ಮಾಡಿ ಅಂದ್ರು, "ಸುಗುಣಾಬಾಯಾರ, ನಿಮ್ಮ ಒಳಗ ಏನೋ ಒಂದು ಪಾಪ ಮುಚ್ಚಿಟಗೊಂಡೀರಿ. ಅದನ್ನ ಹೊರಗ ಹಾಕ್ರಿ, ಹಗೂರ ಆಗತೈತಿ." ನಾ ಹುಡುಕಿದ್ನಿ ನೋಡವಾ ಪಾಪಾನ! ಮೂರು ದಿನ ಹುಡುಕಿದ್ನಿ, ಕಳದ ಸೂಜಿ ಹುಡುಕಿದಂಗ. ಕಡೀಕ ಒಂದು ಸಿಕ್ಕಿತು. ಹಾಸ್ಟೆಲ್‌ನ್ಯಾಗ ಉಪ್ಪಿನಬೆಟಗೇರಿ ಹುಡುಗಿ ಒಬ್ಬಾಕಿ ನನಗ ಎದುರು ಮಾತಾಡಿದ್ಲಂತ ಒಂದು ವಾರ ಆಕಿಗೆ ದಿನಾ ಒಂದು ರೊಟ್ಟಿ ಕಡಿಮಿ ಹಾಕಿದ್ನಿ. ಖರೇನ ಪಾಪ ಅದು, ನಗಬ್ಯಾಡ. ಅತಗೋತ ಹೇಳಿದ್ನಿ. ಪ್ರಭಾವತಿ ಅಕ್ಕಾರು ತಲಿ ಅಳ್ಳಾಡ್ಸಿದ್ರು, "ಇದಲ್ಲ. ಇನ್ನೂ ದೊಡ್ಡದೈತಿ." "ದೊಡ್ಡದಿದ್ರ ಮೊದಲ ಅದ ನೆನಪಾಗ್ತಿದ್ದಿಲ್ಲೇನ್ರಿ?" ಅಂದ್ನಿ. ಅಷ್ಟು ಸುಸ್ತಿನ್ಯಾಗೂ ಸಿಟ್ಟೊಂದು ಉಳದಿತ್ತು ನೋಡು ನನ್ನ ಹತ್ರ.

ನಿಮ್ಮಜ್ಜ ಒಂದು ದಿನ ಮುಂಜಾನೆದ್ದು ಇಸ್ತ್ರಿ ಅಂಗಿ ಹಾಕ್ಕೊಂಡು ನಿಂತ್ರು, "ನಡಿ, ಧಾರವಾಡಕ್ಕ ಹೋಗೂಣು" ಅಂದ್ರು. ನಾ ಒಲ್ಲೆ ಅಂದ್ನಿ. ನಿನಗ ಗೊತ್ತೈತೆಲ್ಲ, ಹುಬ್ಬಳ್ಳ್ಯಾಗ ಯಾರರ ತಿಕ್ಕಲ ಮಾತಾಡಿದ್ರ "ಇವನ್ನ ಧಾರವಾಡಕ್ಕ ಕಳಸ್ರಿ" ಅಂತಾರ, ಅಲ್ಲೆ ತಲಿ ದವಾಖಾನಿ ಐತಂತ. ನಾನೂ ಎಷ್ಟು ಮಂದಿಗೆ ಅಂದು ನಕ್ಕಿಲ್ಲ! ಅಲ್ಲೆ ಡಾಕ್ಟರಬಾಯಿ ಒಬ್ಬಾಕಿ, ನಮ್ಮ ಮಗಳಷ್ಟ ವಯಸ್ಸು, ಒಂದು ತಾಸು ಕುಂದ್ರಿಸಿ ಕೇಳಿದ್ಲು. ಪಾಪದ ಸುದ್ದಿ ಕೇಳಲೇ ಇಲ್ಲ. ನಿದ್ದಿ ಕೇಳಿದ್ಲು, ಊಟ ಕೇಳಿದ್ಲು, "ಅವ್ವಾರ, ಇದು ಬ್ಯಾನಿ ಅಷ್ಟರಿ, ವಾಸಿ ಆಗತೈತಿ, ಗುಳಿಗಿ ಕೊಡ್ತೇನಿ, ಒಮ್ಮೆಲೆ ಆರಾಮ ಅನಸೂದಿಲ್ಲ, ತಿಂಗಳ ಹಿಡೀತೈತಿ, ನನ್ನ ಕೇಳದ ಬಿಡಬ್ಯಾಡ್ರಿ" ಅಂದ್ಲು. ಬರುವಾಗ ನಿಮ್ಮಜ್ಜ ಏನು ಮಾಡಿದ್ರು ಹೇಳು? ಫೇಡಾ ತಗೊಂಡ್ರು! ಯಾಕಂದ್ರ ಓಣ್ಯಾಗ ಯಾರರ ಕೇಳಿದ್ರ ತಂಗಿ ಮನಿಗೆ ಹೋಗಿದ್ವಿ ಅನ್ನಾಕ ಕೈಯಾಗ ಡಬ್ಬಿ ಬೇಕಲ್ಲ. ತಿಂಗಳಾ ತಿಂಗಳಾ ನಾವು ದವಾಖಾನಿಗೆ ಹೋಗೂದು, ತಿಂಗಳಾ ತಿಂಗಳಾ ಓಣಿ ಮಂದಿ ಫೇಡಾ ತಿನ್ನೂದು. ಏನ್ರಿ, ಸುಳ್ಳೇನು? ನೋಡು, ಪೇಪರ್ ಮುಖದ ಮ್ಯಾಲ ಎಳಕೊಂಡ್ರು.

ಮೂರು ತಿಂಗಳಿಗೆ... ನಾಕು ಅಂತಾರ ನಿಮ್ಮಜ್ಜ, ಆತು ನಾಕು ಅನ್ರಿ... ನಾಕು ತಿಂಗಳಿಗೆ ಒಂದು ಮುಂಜಾನಿ ರೊಟ್ಟಿ ಬಡಕೋತ ನಾನ ಹಾಡಾಕ ಹತ್ತಿದ್ನಿ. ನನಗ ಗೊತ್ತಾಗದಂಗ. ಆಮ್ಯಾಲ ಮಹಿಳಾ ಕೂಟದ್ದು ಸಾಕ್ಷಿ ಆದಿತ್ಯವಾರ ಬಂತು. ನಮ್ಮೊಳಗ ಪದ್ಧತಿ ಐತೆಲ್ಲ, ದೇವರು ಏನರ ಉಪಕಾರ ಮಾಡಿದ್ರ ಸಭಾದಾಗ ಎದ್ದು ನಿಂತು ಹೇಳಬೇಕು, ಅದನ್ನ ಕೇಳಿ ಉಳದವರ ವಿಶ್ವಾಸ ಬೆಳೀಬೇಕು. ಛಲೋ ಪದ್ಧತಿ, ನಾ ಅದಕ್ಕ ಏನೂ ಅನ್ನಂಗಿಲ್ಲ. ಪ್ರಭಾವತಿ ಅಕ್ಕಾರು ನನ್ನ ಕೈ ಹಿಡಕೊಂಡು, "ಸುಗುಣಾಬಾಯಾರ, ನೀವು ಹೇಳ್ರಿ. ಆದ್ರ ಗುಳಿಗಿ ಸುದ್ದಿ ಬ್ಯಾಡ್ರಿ, ಕರ್ತನ ಮಹಿಮೆಗೆ ಕಮ್ಮಿ ಆಗತೈತಿ" ಅಂದ್ರು. ನನಗೂ ಅದ ಬೇಕಾಗಿತ್ತವಾ, ಸುಳ್ಳು ಯಾಕ ಹೇಳ್ಲಿ. ಧಾರವಾಡದ ಹೆಸರು ತಪ್ಪಿದ್ರ ಸಾಕಾಗಿತ್ತು. ಎದ್ದು ನಿಂತು, "ಪ್ರಾರ್ಥನಾ ಒಂದರಿಂದನ ನಾ ಪೂರಾ ಗುಣ ಆದ್ನಿ" ಅಂದ್ನಿ. ಎಲ್ಲಾರೂ ಸ್ತೋತ್ರ ಸ್ತೋತ್ರ ಅಂತ ಅತ್ರು. ನಾನೂ ಅತ್ನಿ. ಭಾಳ ಛಂದ ಅನಸ್ತು.

ಮನಿಗೆ ಬಂದು ಗುಳಿಗಿ ಕೈಯಾಗ ಹಿಡದ್ನಿ ನೋಡು, ಬಾಯಿಗೆ ಹೋಗವಲ್ದು. ಇದನ್ನ ನುಂಗಿದ್ರ ನಾ ಹೇಳಿದ ಸಾಕ್ಷಿ ಸುಳ್ಳಾತು. ನುಂಗದಿದ್ರ ಖರೇ ಆತು. ಎಂಥಾ ಬುದ್ಧಿ ನೋಡು! ದೇವರ ಮುಂದ ಸುಳ್ಳುಗಾರ್ತಿ ಆಗಬಾರ್ದಂತ ಗುಳಿಗಿ ಬಿಟ್ನಿ. ನಿಮ್ಮಜ್ಜಗ ಹೇಳಲಿಲ್ಲ, ದಿನಾ ಒಂದು ಗುಳಿಗಿ ತಗದು ಬಚ್ಚಲದಾಗ ಒಗೀತಿದ್ನಿ. ತಿಂಗಳೊಪ್ಪತ್ತಿಗೆ ಎಲ್ಲಾ ತಿರುಗಿ ಬಂತು, ಮೊದಲಿಗಿಂತ ಹೆಚ್ಚಿಗಿ. ಈಗ ಯಾರಿಗೆ ಹೇಳ್ಲಿ? ಗುಣ ಆಗೇನಂತ ಇಡೀ ಸಭಾಕ್ಕ ಹೇಳಿ ಬಿಟ್ಟೇನಿ. ಆದಿತ್ಯವಾರ ಚರ್ಚಿಗೆ ಹೋಗಿ ಹಲ್ಲು ಕಿಸದು ನಿಲ್ಲೂದು, ಮನಿಗೆ ಬಂದು ಸೀರಿ ಸುದ್ದಾ ಬದಲಿಸದ ಬೀಳೂದು. ಬ್ಯಾನಿಗಿಂತ ಆ ನಗಿ ನನ್ನ ಕೊಂದು ಹಾಕ್ತವಾ.

ಇನ್ನ ಮುಂದ ಕೇಳು. ಒಂದು ಸಂಜಿಕ ಕಮರಿಪೇಟ್ಯಾಗಿನ ಮುದುಕಿ ಒಬ್ಬಾಕಿ ಬಾಳಿಹಣ್ಣು ಹಿಡಕೊಂಡು ಬಂದ್ಲು, ನಮ್ಮ ಸಭೆಯಾಕಿನ. ಆಕಿ ಸೊಸಿ ಸುನಂದಾ ಅಂತ, ಹಡದ ಮ್ಯಾಲ ನನ್ನಂಗ ಆಗಿ, ಆಕಿಗೂ ಧಾರವಾಡದ್ದ ಗುಳಿಗಿ ನಡದಿತ್ತಂತ. ಮುದುಕಿ ನನ್ನ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, "ನಿಮ್ಮ ಸಾಕ್ಷಿ ಕೇಳಿ ನಾವೂ ವಿಶ್ವಾಸ ಮಾಡಿದ್ವಿರಿ. ಸೊಸಿಗೆ ಗುಳಿಗಿ ಬಿಡಸೇವಿ. ಇನ್ನೂ ಎದ್ದಿಲ್ಲ, ಕೂಸಿನ್ನ ಎತಗೊಳ್ಳೂದಿಲ್ಲ, ಆದ್ರ ನಿಮ್ಮನ್ನ ಎಬ್ಬಿಸಿದ ದೇವರು ಆಕಿನೂ ಎಬ್ಬಸ್ತಾನ ಅಲ್ಲರೀ?" ಅಂದ್ಲು. ನೋಡು ಶೀಲಾ, ನಾ ಹೇಳಿದ ಒಂದು ಸುಳ್ಳಿಗೆ ಯಾರದೋ ಕೂಸು ತೊಟ್ಲಾಗ ಅಳಾಕತ್ತೈತಿ! ಆ ಬಾಳಿಹಣ್ಣು ಮುಂದಿಟಗೊಂಡ ಹೇಳಿದ್ನಿ, "ಯವ್ವಾ, ನಾ ಹೇಳಿದ್ದು ಸುಳ್ಳು. ಗುಳಿಗಿ ತಗೊಂಡ ನಾ ಎದ್ದಿದ್ನಿ, ಬಿಟ್ಟು ಮತ್ತ ಬಿದ್ದೇನಿ. ಈಗಿಂದೀಗ ಸೊಸಿನ್ನ ಡಾಕ್ಟರ್ ಹತ್ರ ಕರಕೊಂಡು ಹೋಗು." ಮುದುಕಿ ಎದ್ದಾಕಿನ ಮನಿ ಕಡೆ ಹೋದ್ಲು. ನಿಮ್ಮಜ್ಜನೂ ಅವತ್ತ ಕೇಳಿದ್ದು ನಾ ಗುಳಿಗಿ ಒಗೀತಿದ್ದ ಸುದ್ದಿ. ಬೈಲಿಲ್ಲ. ಒಳಗ ಹೋಗಿ ಗುಳಿಗಿ ಡಬ್ಬಿ ಹುಡುಕಿ ತಂದು, ಮತ್ತ ಇಡಾಕ ಜಾಗಾ ತಿಳೀದ, ಕೈಯಾಗ ಹಿಡಕೊಂಡು ನಿಂತಿದ್ರು. ಮರುದಿನಾನ ನಾನೂ ಡಾಕ್ಟರಬಾಯಿ ಮುಂದ ಹೋಗಿ ಬೈಸಿಕೊಂಡು, ಗುಳಿಗಿ ಚಾಲೂ ಮಾಡಿದ್ನಿ.

ಆದ್ರ ಒಬ್ಬಾಕಿಗೆ ಹೇಳಿದ್ರ ಮುಗೀತೇನು? ಆ ದಿನ ಸಭಾದಾಗ ಇನ್ನೂ ಎಷ್ಟು ಮಂದಿ ಕೇಳಿದ್ರೋ! ಮುಂದಿನ ಆದಿತ್ಯವಾರ ಪ್ರಕಟಣೆ ಓದಿ ಮುಗಿದ ಕೂಡ್ಲೆ ನಾ ಎದ್ದು ನಿಂತ್ನಿ. ಪ್ರಭಾವತಿ ಅಕ್ಕಾರು ಸೆರಗ ಜಗ್ಗಿದ್ರು, "ಕೂಡ್ರಿ, ಇವತ್ತು ಸಾಕ್ಷಿ ಇಲ್ಲ." "ಗೊತ್ತೈತಿರಿ. ನಾ ಕೊಟ್ಟಿದ್ದನ್ನ ವಾಪಸ್ ತಗೋಳ್ಳಾಕ ನಿಂತೇನಿ" ಅಂದ್ನಿ. ಪಾಸ್ಟರ್ ಇನ್ನೂ ಸಣ್ಣ ವಯಸ್ಸಿನಾಂವ, ಸಾಕ್ಷಿ ವಾಪಸ್ ತಗೊಂಡವರನ್ನ ಅಂವ ಎಲ್ಲೆ ನೋಡಿದ್ದ? ಕಕ್ಕಾಬಿಕ್ಕಿ ಆಗಿ "ಹೇಳ್ರಿ ಅವ್ವಾರ" ಅಂದ. ನನ್ನ ಧ್ವನಿ ಕಡೀ ಬೆಂಚಿನ ತನಕ ಮುಟ್ಟಿತು, ಹಾಸ್ಟೆಲ್ ಅಡಗಿಮನ್ಯಾಗ ಒದರಿದ ಧ್ವನಿ ಅದು. ಹೇಳಿದ್ನಿ, "ನಾ ಧಾರವಾಡದ ತಲಿ ದವಾಖಾನಿಗೆ ಹೋಗ್ತೇನಿ. ಗುಳಿಗಿ ನುಂಗತೇನಿ. ಇಲ್ಲೆ ನಿಂತು ದೇವರ ಹೆಸರ ಮ್ಯಾಲ ಸುಳ್ಳು ಹೇಳೇನಿ. ಪಾಪ ಐತಿ ಹೊರಗ ಹಾಕ್ರಿ ಅಂತಿದ್ರೆಲ್ಲ, ಇದ ಆ ಪಾಪ, ಹಾಕಾಕತ್ತೇನಿ. ಪ್ರಾರ್ಥನಾ ನಾ ಬಿಟ್ಟಿಲ್ಲ. ನನ್ನ ದೇವರು ಒಂದು ಗುಳಿಗಿಗೆ ಮಹಿಮೆ ಕಳಕೊಳ್ಳುವಷ್ಟು ಸಣ್ಣಾಂವಲ್ಲ. ನನ್ನ ಮಾತು ಕೇಳಿ ಯಾರರ ಔಷಧ ಬಿಟ್ಟಿದ್ರ, ನಿಮ್ಮ ಕಾಲು ಬೀಳ್ತೇನಿ, ಡಾಕ್ಟರ್ ಹತ್ರ ಹೋಗ್ರಿ." ಆವಾಗ ಗಂಡಸರ ಕಡಿಯಿಂದ ಬೆಂಚು ಕಿರ್ ಅಂತು. ನಿಮ್ಮಜ್ಜ. ನಲವತ್ತು ವರ್ಷ ಕಾಣಿಕಿ ಚೀಲಾ ಹಿಡದು ಓಡಾಡಿದ್ರೇ ಹೊರತು ಸಭಾದಾಗ ಒಂದು ಮಾತಾಡಿದವರಲ್ಲ. ಎದ್ದು ನಿಂತು, "ಕರಕೊಂಡು ಹೋದಾಂವ ನಾನ. ಮುಚ್ಚಿಟ್ಟಾಂವನೂ ನಾನ" ಅಂದು ಕುಂತ್ರು. ಅಷ್ಟ. ಮದವಿ ದಿನ ಸುದ್ದಾ ಅವರು ನನಗ ಅಷ್ಟು ಛಂದ ಕಂಡಿದ್ದಿಲ್ಲ.

ಆಮ್ಯಾಲ ಎಲ್ಲಾ ಸುಖ ಆತೇನು? ಇಲ್ಲ. ಮಹಿಳಾ ಕೂಟದಾಗಿಂದ ನನ್ನ ಹೆಸರು ತಗದ್ರು. ಪ್ರಭಾವತಿ ಅಕ್ಕಾರು ಸಾಯೂತನಕ ನನ್ನ ಕೂಡ ಮಾತಾಡಲಿಲ್ಲ, ಅದು ನನಗ ಇವತ್ತಿಗೂ ಚುಚ್ಚತೈತಿ, ಅವರ ಕೈಯಾನ ಗಂಜಿ ನಾ ಕುಡದೇನಿ. ಹಿಂದಿಂದ "ಧಾರವಾಡದಾಕಿ" ಅನ್ನೋರು. ಅನ್ನೋರಿಗೆ ಹೊಳ್ಳಿ ನಿಂತು "ಏನ್ರಿ, ಕರದ್ರೇನು?" ಅಂತಿದ್ನಿ, ಬಾಯಿ ಮುಚ್ಚೋರು. ಆದ್ರ ಅವತ್ತ ಆರಾಧನೆ ಮುಗದು ನಳದ ಹತ್ರ ಕೈ ತೊಳ್ಯಾಕತ್ತಿದ್ರ ಒಬ್ಬಾಕಿ ಬಂದು ಮೆತ್ತಗ, "ಅಕ್ಕಾರ, ಆ ಡಾಕ್ಟರಬಾಯಿ ಯಾವ ವಾರ ಇರ್ತಾಳ್ರಿ?" ಅಂದ್ಲು. ಆಕಿ ಹೋದ್ಲು, ಇನ್ನೊಬ್ಬಾಕಿ. ಆಮ್ಯಾಲ ಒಬ್ಬ ಗಂಡಸು, ಹೆಸರು ಹೇಳಂಗಿಲ್ಲ, ನೀ ಗುರ್ತು ಹಿಡೀತಿ. ಸುನಂದಾ ಎದ್ಲು. ಲಗೂ ಏನೂ ಏಳಲಿಲ್ಲ, ಆರು ತಿಂಗಳ ಹಿಡೀತು. ಆದ್ರ ಎದ್ಲು.

ಅದಕ್ಕ ಹೇಳಾಕತ್ತೇನಿ. ನಿಮ್ಮವ್ವಗ ನಾ ಹೇಳ್ತೇನಿ, ಆಕಿ ಅಂಜಿಕಿನೂ ನನಗ ತಿಳೀತೈತಿ, ಹೆತ್ತ ಕರುಳದು. ನೋಡಾಕ ಬರೋರು ಬರಲಿ, ಮೊದಲ ಚಹಾ, ಆಮ್ಯಾಲ ಈ ಸುದ್ದಿ, ನಾನ ನನ್ನ ಬಾಯಿಲೆ ಹೇಳ್ತೇನಿ. ಎದ್ದು ಹೋಗೋರು ಹೋಗಲಿ, ಅಂಥಾ ಮನಿಗೆ ನಮ್ಮ ಹುಡುಗಿ ಯಾಕ ಬೇಕು? ತಗೋ ನಿನ್ನ ಚೀಟಿ, ಹಿಟ್ಟು ಮೆತ್ತೈತಿ, ಝಾಡಿಸ್ಕೋ. ನಿಮ್ಮಜ್ಜ ಚಪ್ಪಲ್ ಹಾಕ್ಕೊಳ್ಳಾಕತ್ತಾರ, ಮೂರೂ ಮಂದಿ ನಡಕೋತ ಹೋಗಿ ಔಷಧ ಅಂಗಡ್ಯಾಗ ಕೊಡೂಣು, ಓಣಿ ನಡುವ ಹಾದು. ಬ್ಯಾನಿ ಬಂದ್ರ ದೇವರನ್ನೂ ಕರೀಬೇಕು, ಡಾಕ್ಟರನ್ನೂ ಕರೀಬೇಕು, ಮಂದಿಗೆ ಅಂಜಬಾರ್ದು. ಏಳು, ತಲಿ ಬಾಚ್ಕೋ.